ಆಚೆ ದಡದ ಮಾತು ಎತ್ತಬೇಡಿ

ಬೆಳಿಗ್ಗೆ ಏಳೂಕಾಲಿಗೆ 'ಒಂಟಿ ದೋಣಿಗಾರ' ವಿಡಿಯೋ ಗೇಮಿನ ಏಳನೇ ಭಾಗ ಮನೆಗೆ ಬಂತು. ಏಳೂವರೆಗೆ ಅದನ್ನು ಯಂತ್ರಕ್ಕೆ ಹಾಕಿದಾಗ ಪರದೆಯ ಮೇಲೆ ಒಂದು ಸಾಲು ಮೂಡಿತು: ಆಟ ಸಿದ್ಧವಾಗಲು ಸಂಜೆಯಾಗುತ್ತದೆ, ದಯವಿಟ್ಟು ಕಾಯಿರಿ.

ತೊಂದರೆ ಶುರುವಾದದ್ದು ಇಷ್ಟರಿಂದಲೇ.

ಕಾಯಬೇಕಾದವನು ಕನ್ನಡಕದ ಅಂಗಡಿಯೊಂದರಲ್ಲಿ ಮಸೂರ ಉಜ್ಜುವ ಕೆಲಸದವನು. ಅಂಗಡಿಯಲ್ಲೂ ಓಣಿಯಲ್ಲೂ ಅವನಿಗೆ 'ಮೂರನೇ ಭಾಗ' ಎಂದೇ ಹೆಸರು. ಯಾವ ಮಾತು ಬಂದರೂ ಅದನ್ನು ಒಂಟಿ ದೋಣಿಗಾರನ ಹತ್ತಿರ ಎಳೆದು ತಂದು, "ಮೂರನೇ ಭಾಗಕ್ಕೇ ನಿಲ್ಲಿಸಬೇಕಿತ್ತು" ಎಂದು ಮುಗಿಸುತ್ತಿದ್ದುದರಿಂದ ಬಂದ ಹೆಸರು ಅದು. ಮುಂದುವರಿದ ಭಾಗಗಳ ಬಗ್ಗೆ ಅವನ ಸಿದ್ಧಾಂತ ಸ್ಪಷ್ಟವಾಗಿತ್ತು. ಮೊದಲನೇದು ಕತೆ, ಎರಡನೇದು ಆಸೆ, ಮೂರನೇದು ಮುಕ್ತಾಯ. ನಾಲ್ಕನೇದು ಬಂತೆಂದರೆ ಕಂಪನಿಯವರಿಗೆ ಬೇರೆ ಕೆಲಸ ಇಲ್ಲ ಎಂದರ್ಥ.

ದೋಣಿಗಾರನ ವಿಷಯದಲ್ಲಿ ಅವನು ಹೇಳುತ್ತಿದ್ದುದು ಸುಳ್ಳೂ ಅಲ್ಲ. ಮೊದಲ ಭಾಗದಲ್ಲಿ ಒಬ್ಬ ಮನುಷ್ಯ, ಒಂದು ದೋಣಿ, ಒಂದು ಅಗಲವಾದ ನದಿ. ಆಚೆ ದಡದಲ್ಲಿ ಏನಿದೆ ಎಂಬುದೊಂದೇ ಪ್ರಶ್ನೆ. ಎರಡನೇದರಲ್ಲಿ ಅವನಿಗೊಬ್ಬ ತಮ್ಮ ಹುಟ್ಟಿಕೊಂಡ. ಮೂರನೇದರಲ್ಲಿ ದಡ ದೂರದಿಂದ ಕಾಣಿಸಿತು. ನಾಲ್ಕನೇದರಲ್ಲಿ ದಡ ಬಿಟ್ಟು ದೋಣಿ ಆಕಾಶಕ್ಕೆ ಹಾರಿತು. ಐದನೇದರಲ್ಲಿ ದೋಣಿಗಾರ ಸತ್ತ. ಆರನೇದರಲ್ಲಿ ಅವನ ಬಾಲ್ಯ ತೋರಿಸಿದರು. 'ಒಂಟಿ' ಎಂಬ ಹೆಸರು ಮಾತ್ರ ಕೊನೆಯವರೆಗೂ ಉಳಿಯಿತು, ಆ ಹೊತ್ತಿಗೆ ದೋಣಿಯಲ್ಲಿ ಹನ್ನೊಂದು ಜನರಿದ್ದರು.

"ಇಷ್ಟು ಬೈತಾ ಬೈತಾ ಪ್ರತಿ ಸಲ ಮೊದಲ ದಿನವೇ ತರಿಸ್ತೀರಲ್ಲ?" ಎಂದು ಹೆಂಡತಿ ಕೇಳುತ್ತಿದ್ದಳು.

"ಬೈಯೋಕಾದ್ರೂ ಆಡಬೇಕಲ್ಲ," ಎನ್ನುತ್ತಿದ್ದ.

ಹೆಂಡತಿ ಅಷ್ಟಕ್ಕೇ ಬಿಡುತ್ತಿದ್ದಳು. ಅವಳಿಗೆ ಆ ಆಟದಿಂದ ಆದ ಅನುಕೂಲ ಕಡಿಮೆಯದಲ್ಲ. ಗಂಡ ಆಡುತ್ತಿರುವಾಗ ಏನು ಕೇಳಿದರೂ "ಹ್ಞೂಂ" ಎನ್ನುತ್ತಾನೆ ಎಂಬುದನ್ನು ಅವಳು ಮದುವೆಯಾದ ಹೊಸದರಲ್ಲೇ ಕಂಡುಕೊಂಡಿದ್ದಳು. ಹ್ಞೂಂ ಅಂದರೆ ಒಪ್ಪಿಗೆ, ಒಪ್ಪಿದ ಮೇಲೆ ತಕರಾರಿಲ್ಲ. ಇದು ಆ ಮನೆಯ ಕಾನೂನು. ನಡುಮನೆಯ ಅರಿಶಿನ ಬಣ್ಣದ ಪರದೆಗಳು, ಯಾರೂ ತುಳಿಯದ ವ್ಯಾಯಾಮದ ಸೈಕಲ್, ಪ್ರತಿ ಭಾನುವಾರ ಬಂದು ಸಂಜೆಯವರೆಗೆ ಕೂರುವ ಅವಳ ತಮ್ಮ, ಎಲ್ಲಕ್ಕೂ ಅವನು ಹ್ಞೂಂ ಅಂದಿದ್ದ.

ಏಳನೇ ಭಾಗವೇ ಕೊನೆಯದು ಎಂದು ಕಂಪನಿ ಸಾರಿತ್ತು. ಒಂದೇ ಸಂಜೆಯಲ್ಲಿ ಮುಗಿಯುವ ಪುಟ್ಟ ಆಟ, ಐದನೇದರಲ್ಲಿ ಸತ್ತಿದ್ದ ದೋಣಿಗಾರನೇ ಎದ್ದು ಬಂದು ಆಚೆ ದಡ ಮುಟ್ಟುತ್ತಾನೆ. ಮೀಸೆ ಚಿಗುರುವ ವಯಸ್ಸಿನಿಂದ ಕಾದಿದ್ದ ದಡ ಅದು. ಅದನ್ನು ತನ್ನ ಕಣ್ಣಿಂದಲೇ ನೋಡಬೇಕು, ಬೇರೆಯವರ ಬಾಯಿಂದ ಕೇಳಬಾರದು ಎಂದು ಅವನು ಪಟ್ಟು ಹಿಡಿದಿದ್ದ. ಆರನೇ ಭಾಗದ ಕೊನೆಯನ್ನು ಮೇಲ್ಮನೆಯ ಟೈಲರ್ ಅವನ ಪ್ಯಾಂಟಿನ ಅಳತೆ ತೆಗೆಯುತ್ತಲೇ ಹೇಳಿಬಿಟ್ಟಿದ್ದ. ಸೊಂಟಕ್ಕೆ ಟೇಪು ಸುತ್ತಿದ್ದರಿಂದ ಓಡಲೂ ಆಗಿರಲಿಲ್ಲ.

ರಜೆ ಕೇಳಿದರೆ ಮಾಲೀಕ ಕೊಡಲಿಲ್ಲ. ಅವನು ಫೋನ್ ಆರಿಸಿ ಕಾಲುಚೀಲಗಳ ಖಾನೆಯಲ್ಲಿಟ್ಟು, ಎರಡು ಕಿವಿಗೂ ಹತ್ತಿ ತುರುಕಿಕೊಂಡು, ಯುದ್ಧಕ್ಕೆ ಹೊರಟವನಂತೆ ಮೆಟ್ಟಿಲಿಳಿದ.

ಬಾಗಿಲಲ್ಲಿ ಹೆಂಡತಿ, "ರೀ, ಒಂದ್ನಿಮಿಷ. ಆ ಆಟದ ವಿಷಯ, ನಿಮಗೆ ಮೊದಲೇ ಹೇಳಿದ್ದೆ..." ಎಂದಳು.

"ಆಟದ ವಿಷಯ ಸಂಜೆವರೆಗೂ ಬೇಡ!" ಎಂದು ಕಿವಿ ಮುಚ್ಚಿಕೊಂಡ.

ಮೇಲಿನ ಬಾಲ್ಕನಿಯಿಂದ ಟೈಲರ್ ಅರ್ಧ ದೇಹ ಹೊರಚಾಚಿ ಕೈಬೀಸುತ್ತಿದ್ದ. "ಏನ್ ಸ್ವಾಮೀ! ರಾತ್ರಿ ಹನ್ನೆರಡಕ್ಕೇ ನೆಟ್ಟಿಂದ ಇಳಿಸ್ಕೊಂಡು ಬೆಳಗಿನ ಜಾವಕ್ಕೇ ಮುಗಿಸಿದೆ! ಆಚೆ ದಡದಲ್ಲಿ..."

ಮೂರನೇ ಭಾಗ ಓಟ ಕಿತ್ತ. ಬಸ್ಸಿನ ನಿಲ್ದಾಣದವರೆಗೂ ತಿರುಗಿ ನೋಡಲಿಲ್ಲ.

ಬಸ್ಸಿನಲ್ಲೂ ನೆಮ್ಮದಿಯಿರಲಿಲ್ಲ. ಎದುರು ಸೀಟಿನ ಕಾಲೇಜು ಹುಡುಗಿ ಫೋನ್ ನೋಡಿದಳು, ಅವನನ್ನು ನೋಡಿದಳು, ಮತ್ತೆ ಫೋನ್ ನೋಡಿ ಗೆಳತಿಯ ಪಕ್ಕೆಗೆ ತಿವಿದಳು. ಇಬ್ಬರೂ ಕಿಸಕ್ಕೆಂದರು. ಆಮೇಲೆ ಫೋನನ್ನು ಅವನ ಕಡೆ ತಿರುಗಿಸಿ ಏನೋ ತೋರಿಸಲು ಬಂದಳು. ಪರದೆಯ ಮೂಲೆಯಲ್ಲಿ ನೀಲಿ ನದಿ ಕಂಡದ್ದೇ ತಡ, ಅವನು ಪಕ್ಕದವರ ಪತ್ರಿಕೆ ಕಸಿದು ಮುಖ ಮುಚ್ಚಿಕೊಂಡ. "ತಂಗೀ, ನಿನಗೆ ಪುಣ್ಯ ಬರುತ್ತೆ, ತೋರಿಸಬೇಡ!" ಎಂದು ಪತ್ರಿಕೆಯ ಒಳಗಿನಿಂದಲೇ ಬೇಡಿಕೊಂಡ. ಪತ್ರಿಕೆಯ ಒಡೆಯ ತನಗೆ ಕಾಣುವಷ್ಟು ಭಾಗವನ್ನು ಹೊರಗಿನಿಂದ ಓದುತ್ತ ಬಂದ.

ಅಂಗಡಿಯಲ್ಲಿ ಕೆಲಸದ ಕ್ರಮ ಹೀಗಿತ್ತು. ಮುಂದಿನ ಕೋಣೆಯಲ್ಲಿ ಕಣ್ಣು ಪರೀಕ್ಷಿಸುವ ಮೇಡಂ ಒಂದು ಸಣ್ಣ ಕಿಂಡಿಯಿಂದ ನಂಬರು ಕೂಗುವುದು, ಹಿಂದಿನ ಕೋಣೆಯಲ್ಲಿ ಇವನು ಅದನ್ನು ತಿರುಗಿ ಕೂಗಿ, ಆಮೇಲೆ ಯಂತ್ರ ಚಾಲೂ ಮಾಡುವುದು. ಕೂಗಿಗೆ ಮರುಕೂಗು ಇಲ್ಲದೆ ಮಸೂರ ಉಜ್ಜಬಾರದೆಂದು ಮಾಲೀಕನ ಕಟ್ಟಪ್ಪಣೆ.

ಮೇಡಂ ಆಗಲೇ ಕಿಂಡಿಗೆ ಮುಖವಿಟ್ಟು ಕಾಯುತ್ತಿದ್ದಳು. "ಬಂದ್ರಾ! ನಾನೇನೂ ಹೇಳಲ್ಲಪ್ಪ. ಆದ್ರೆ ಒಂದೇ ಮಾತು. ಆ ಕುರ್ಚಿ ಮಾತ್ರ..."

"ಮೇಡಂ! ಇವತ್ತು ನಂಬರು ಬಿಟ್ಟು ಬೇರೆ ಏನೂ ಆ ಕಿಂಡೀಲಿ ಬರಬಾರದು." ಹತ್ತಿಯನ್ನು ಇನ್ನೊಂದು ಬೆರಳಿನಷ್ಟು ಒಳಗೆ ಒತ್ತಿದ.

ಹತ್ತಿಯ ತಾಕತ್ತು ಮಧ್ಯಾಹ್ನಕ್ಕೆ ಮುಂಚೆಯೇ ಗೊತ್ತಾಯಿತು. ಗಡಿಯಾರ ರಿಪೇರಿಯ ಯಜಮಾನರು ಹೊಸ ಕನ್ನಡಕಕ್ಕೆ ಬಂದಿದ್ದರು. ಮೇಡಂ, "ಬಲಕ್ಕೆ ಒಂದೂವರೆ, ಎಡಕ್ಕೆ ನಾಲ್ಕು," ಎಂದು ಕೂಗಿದಳು. ಇವನಿಗೆ ತುಟಿಗಳು ಕಂಡವು, ಎರಡು ಸಂಖ್ಯೆಗಳು ಅರೆಬರೆ ಕೇಳಿದವು. ಹಿಂದುಮುಂದಾಗಿ ತಿರುಗಿ ಕೂಗಿದ. ಅಷ್ಟರಲ್ಲಿ ಮೇಡಂ ಫೋನಿನಲ್ಲಿ ಏನನ್ನೋ ನೋಡಿ ನಗುತ್ತಿದ್ದಳು, ಗಮನಿಸಲಿಲ್ಲ.

ಯಜಮಾನರು ಕನ್ನಡಕ ಏರಿಸಿಕೊಂಡು, ಬಾಗಿಲ ಬಳಿ ನಿಲ್ಲಿಸಿದ್ದ ಜಾಹೀರಾತಿನ ರಟ್ಟಿನ ಹೆಂಗಸಿಗೆ ಕೈಮುಗಿದು, "ಚೆನ್ನಾಗಿದ್ದೀರಾ ತಾಯಿ?" ಎಂದರು. ಉತ್ತರ ಬರದಿದ್ದಾಗ ಮುನಿಸಿಕೊಂಡು ಹೊರಟವರು ನೇರ ಗಾಜಿನ ಬಾಗಿಲಿಗೆ ಹೋಗಿ ಬಡಿದರು. ಬಾಗಿಲಿಗೂ ಕ್ಷಮೆ ಕೇಳಿದರು.

ಮಾಲೀಕ ಧಾವಿಸಿ ಬಂದ. "ಲೋ ಮೂರನೇ ಭಾಗ! ಬಲ ಯಾವ್ದು, ಎಡ ಯಾವ್ದು ಅನ್ನೋದೂ ಮರೆತೋಯ್ತೇನೋ? ಕಿವೀಲಿ ಏನದು? ಹಾಸಿಗೆ ಹೊಲೀತಿದ್ದೀಯಾ?"

ಯಜಮಾನರು ಹಳೆಯ ಕನ್ನಡಕ ಹಾಕಿಕೊಂಡು ತಪ್ಪಿತಸ್ಥನನ್ನು ಹತ್ತಿರದಿಂದ ನೋಡಿದರು. ಅವರ ಮುಖದ ಸಿಟ್ಟೆಲ್ಲ ಸೋರಿಹೋಯಿತು. "ಅರೆ! ನೀವೇ ಅಲ್ವಾ? ನನ್ನ ಮಗಳು ಬೆಳಿಗ್ಗೆ ತೋರಿಸಿದ್ಳು, ಆ ದೋಣಿ..."

ಅವನು ಯಂತ್ರವನ್ನು ಗರ್ರೆನ್ನಿಸಿದ. ಮಸೂರವಿಲ್ಲದೆ ಬರೀ ಯಂತ್ರ ತಿರುಗುತ್ತಿತ್ತು. ಯಜಮಾನರ ಬಾಯಿ ಆಡುತ್ತಿತ್ತು, ಮಾಲೀಕನ ಬಾಯಿಯೂ ಆಡತೊಡಗಿತು, ಇಬ್ಬರೂ ಒಂದು ಫೋನಿನ ಮೇಲೆ ಬಗ್ಗಿದರು. ತಲೆ ಎತ್ತಿದಾಗ ಮಾಲೀಕನ ಮುಖದಲ್ಲಿ, ಎಂಟು ವರ್ಷದಲ್ಲಿ ಯಾರೂ ನೋಡಿರದ ಪ್ರೀತಿ ಇತ್ತು. ಇವನ ಭುಜ ತಟ್ಟಿ, ಯಂತ್ರ ಆರಿಸಿ ಹೇಳಿದ: "ನೀನು ಹಿಂದೆ ಯಾಕೆ ಕೂರಬೇಕು? ಬಾ, ಇವತ್ತು ಮುಂದೆ ಗಾಜಿನ ಹತ್ತಿರ ಕೂತ್ಕೋ. ಕುರ್ಚಿ ಹಾಕಿಸ್ತೀನಿ."

ಮೂರನೇ ಭಾಗನಿಗೆ ಈಗ ಎಲ್ಲ ಸ್ಪಷ್ಟವಾಯಿತು. ಇಡೀ ಊರಿಗೆ ಕೊನೆ ಗೊತ್ತಾಗಿದೆ. ತನ್ನೊಬ್ಬನಿಗೆ ಗೊತ್ತಿಲ್ಲ ಎಂಬುದೂ ಗೊತ್ತಾಗಿದೆ. ತನ್ನನ್ನು ನಡುವೆ ಕೂರಿಸಿ, ಎಲ್ಲರೂ ಒಟ್ಟಿಗೆ ಹೇಳಿ ನಗಬೇಕೆಂದಿದ್ದಾರೆ. ಇಷ್ಟು ವರ್ಷ ತನ್ನ ಅಭಿಪ್ರಾಯಗಳನ್ನು ಕೇಳಿಸಿಕೊಂಡವರ ಸೇಡು ಇದು. ಗಾಜಿನಾಚೆ ಆಗಲೇ ಏಳೆಂಟು ಜನ ಮೂಗು ಒತ್ತಿ ನಿಂತಿದ್ದರು. ಅವರಲ್ಲಿ ಬಸ್ಸಿನ ಹುಡುಗಿಯೂ ಇದ್ದಳು.

"ಸಾಯಂಕಾಲದವರೆಗೆ ನನ್ನ ಕಿವಿಗೆ ಒಂದು ಅಕ್ಷರ ಬೀಳಲ್ಲ. ನೋಡೇಬಿಡ್ತೀನಿ," ಎಂದು ಹಲ್ಲು ಕಚ್ಚಿದ.

ಕಣ್ಣಿನ ಶಸ್ತ್ರಚಿಕಿತ್ಸೆಯಾದವರಿಗೆ ಕೊಡುವ, ಪಕ್ಕಗಳೂ ಮುಚ್ಚಿದ ದೊಡ್ಡ ಕಪ್ಪು ಕನ್ನಡಕವೊಂದು ಕಪಾಟಿನಲ್ಲಿತ್ತು. ತನ್ನ ಕನ್ನಡಕದ ಮೇಲೇ ಅದನ್ನು ಏರಿಸಿಕೊಂಡು, ಹಿಂಬಾಗಿಲಿಂದ ಜಾರಿದ. ಹೊರಗೆ ಹಾಡುಹಗಲು ಕತ್ತಲಾಗಿತ್ತು. ಗೋಡೆ ಸವರುತ್ತ ಮೂಲೆಯವರೆಗೆ ಬಂದಾಗ ಯಾರೋ ವಯಸ್ಸಾದ ಹೆಂಗಸು ಅವನ ತೋಳು ಹಿಡಿದಳು.

"ಪಾಪ, ಕಣ್ಣು ಕಾಣಲ್ವೇನಪ್ಪಾ? ಬಾ, ದಾಟಿಸ್ತೀನಿ."

"ನಾನು ಆ ಕಡೆ ಹೋಗ್ಬೇಕಾಗಿಲ್ಲ ಅಜ್ಜಿ!"

"ಕಿವೀನೂ ಕೇಳಲ್ಲ ಅನ್ಸುತ್ತೆ," ಎಂದು ಅವನ ಹತ್ತಿ ನೋಡಿ ಮರುಗಿದ ಅಜ್ಜಿ, ರಸ್ತೆಯ ಎರಡೂ ಕಡೆಯ ಗಾಡಿಗಳನ್ನು ಕೈಯೆತ್ತಿ ನಿಲ್ಲಿಸಿ ದಾಟಿಸಿಯೇಬಿಟ್ಟಳು. ಅವಳು ಮರೆಯಾಗುವವರೆಗೆ ಕಾದು ತಿರುಗಿ ದಾಟಲು ಹೊರಟರೆ, ಇನ್ನೊಬ್ಬ ಪುಣ್ಯಾತ್ಮ ಹಿಡಿದು ಅದೇ ಕಡೆಗೆ ವಾಪಸು ತಂದು ನಿಲ್ಲಿಸಿದ. ಮನೆ ಸೇರುವಷ್ಟರಲ್ಲಿ ಸಂಜೆಯಾಗಿತ್ತು.

ಮೆಟ್ಟಿಲ ಮೇಲೆ ಟೈಲರ್ ಹೂಗುಚ್ಛ ಹಿಡಿದು ನಿಂತಿದ್ದ. ಮೂರನೇ ಭಾಗ ಅವನ ತೋಳಿನ ಕೆಳಗೆ ನುಸುಳಿ ಒಳಗೆ ಹೋಗಿ ಬಾಗಿಲು ಹಾಕಿದ.

"ರೀ, ಈಗಲಾದ್ರೂ..." ಎಂದಳು ಹೆಂಡತಿ.

"ದಡ ಮುಟ್ಟಲಿ, ಆಮೇಲೆ."

ಆಟ ಸಿದ್ಧವಾಗಿತ್ತು. ಅವನು ಗೆದ್ದಿದ್ದ. ಕಿವಿಯ ಹತ್ತಿ ಕಿತ್ತೆಸೆದು ಕೂತ.

ಒಳ್ಳೆಯ ಆಟವೇ. ಹಾರುವ ದೋಣಿಯಿಲ್ಲ, ತಮ್ಮನಿಲ್ಲ. ಒಬ್ಬ ಮನುಷ್ಯ, ಒಂದು ದೋಣಿ, ನೀರಿನ ಸದ್ದು. ಹುಟ್ಟು ಹಾಕುತ್ತ ಹಾಕುತ್ತ ಅವನ ಕಣ್ಣು ಒಂದೆರಡು ಸಲ ತೇವವಾಯಿತು. ಮೊದಲ ಭಾಗ ಮಾಡಿದವರು ಇನ್ನೂ ಬದುಕಿದ್ದಾರೆ ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಊಟದ ಹೊತ್ತಿಗೆ ಮಂಜು ಸರಿಯಿತು. ಆಚೆ ದಡ ಕಂಡಿತು.

ದಡದಲ್ಲಿ ಒಂದು ಕುರ್ಚಿ ಇತ್ತು. ಕುರ್ಚಿಯಲ್ಲಿ ಒಬ್ಬ ಕೂತಿದ್ದ. ದಪ್ಪ ಮಸೂರದ ಕನ್ನಡಕ, ಒಂದು ಕಡೆ ಸ್ವಲ್ಪ ಹೆಚ್ಚು ಕತ್ತರಿಸಿದ ಮೀಸೆ, ಕಿವಿಯ ಮೇಲೆ ಸಿಕ್ಕಿಸಿದ ಪೆನ್ನು. ದೋಣಿಗಾರ ಇಳಿದು, "ಇಲ್ಲಿ ಏನಿದೆ?" ಎಂದು ಕೇಳಿದ.

"ಏನಿರುತ್ತೆ?" ಎಂದಿತು ಕುರ್ಚಿಯ ಮನುಷ್ಯನ ಧ್ವನಿ. "ಮೂರನೇ ಭಾಗಕ್ಕೇ ನಿಲ್ಲಿಸಬೇಕಿತ್ತು."

ಮೂರನೇ ಭಾಗ ಕೈಯಿಂದ ತನ್ನ ಮೀಸೆ ಮುಟ್ಟಿ ನೋಡಿಕೊಂಡ. ಒಂದು ಕಡೆ ಕಡಿಮೆಯೇ ಇತ್ತು.

"ಇದನ್ನೇ ಬೆಳಿಗ್ಗೆಯಿಂದ ಹೇಳೋಕೆ ಬಂದಿದ್ದು," ಎಂದಳು ಹೆಂಡತಿ. "ಹೋದ ವರ್ಷ ಅಭಿಮಾನಿಗಳ ಸಭೇಲಿ ಎದ್ದು ನಿಂತು ಒಂದು ಗಂಟೆ ಬೈದ್ರಲ್ಲ, ಅದನ್ನ ಯಾರೋ ವಿಡಿಯೋ ಮಾಡಿ ಹಾಕಿದ್ರು. ಕಂಪನಿಯವರು ನೋಡಿ ಫೋನ್ ಮಾಡಿದ್ರು. ನೀವು ಆರನೇ ಭಾಗ ಆಡ್ತಿದ್ರಿ. 'ಆ ವಿಡಿಯೋದಿಂದ ನಿಮ್ಮ ಮುಖ, ಧ್ವನಿ ಎರಡೂ ಆಟಕ್ಕೆ ತಗೋತಾರಂತೆ, ಆಗಬಹುದಾ' ಅಂತ ಕೇಳಿದೆ."

"ನಾನೇನಂದೆ?"

"ಇನ್ನೇನಂತೀರಿ?"

ಪರದೆಯ ಮೇಲೆ ಕತೆ ಇನ್ನೂ ಮುಗಿದಿರಲಿಲ್ಲ. ದೋಣಿಗಾರ ಕುರ್ಚಿಯವನ ಕೈಗೆ ಹುಟ್ಟು ಕೊಟ್ಟು, ಅವನನ್ನು ಎಬ್ಬಿಸಿ, ತಾನು ಕೂತು ಕಣ್ಣು ಮುಚ್ಚಿದ. ಕನ್ನಡಕದವನು ಹುಟ್ಟನ್ನು ತಿರುಗಿಸಿ ಮುರುಗಿಸಿ ನೋಡಿ, ಗೊಣಗುತ್ತ ದೋಣಿ ಹತ್ತಿದ. ಅಕ್ಷರಗಳು ಮೂಡಿದವು: ಒಂಟಿ ದೋಣಿಗಾರ, ಎಂಟನೇ ಭಾಗ. ಹೊಸ ದೋಣಿಗಾರ ಬರುತ್ತಿದ್ದಾನೆ.

"ಎಂಟನೇದಾ?" ಅವನ ಧ್ವನಿ ಬಾವಿಯ ತಳದಿಂದ ಬಂದಂತಿತ್ತು. "ಕೊನೇದು ಅಂದಿದ್ರಲ್ಲೇ!"

"ಹಳೇ ದೋಣಿಗಾರನಿಗೆ ಕೊನೇದು. ನಿಮ್ಮದು ಹದಿನೈದನೇ ಭಾಗದವರೆಗೂ ಇದೆಯಂತೆ. ಅದನ್ನೂ ಕೇಳಿದ್ದೆ. ಅದಕ್ಕೂ ಹ್ಞೂಂ ಅಂದ್ರಿ."

ಇಪ್ಪತ್ತು ವರ್ಷ ಬೈದ ಸರಣಿ ಈಗ ನಿಲ್ಲಬೇಕೆಂದರೂ ನಿಲ್ಲುವಂತಿರಲಿಲ್ಲ, ಅದನ್ನು ಎಳೆಯುತ್ತಿರುವವನು ತಾನೇ. ಪರದೆಯ ಮೇಲೆ ತನ್ನದೇ ಮುಖ ಹುಟ್ಟು ಹಾಕುತ್ತ ಮಂಜಿನೊಳಗೆ ಹೋಗುತ್ತಿತ್ತು. ಕೆಳಗೊಂದು ಪ್ರಶ್ನೆ ಬಂತು: ಎಂಟನೇ ಭಾಗವನ್ನು ಈಗಲೇ ಕಾಯ್ದಿರಿಸುವಿರಾ? ಅವನು ಹಲ್ಲು ಕಚ್ಚಿ 'ಹೌದು' ಒತ್ತಿದ. ಬೈಯಲಿಕ್ಕಾದರೂ ಆಡಬೇಕಲ್ಲ.

"ರೀ," ಎಂದಳು ಹೆಂಡತಿ, "ನಿಮ್ಮ ಮಾಲೀಕರು ಫೋನ್ ಮಾಡಿದ್ರು. ಏನೋ ಒಂದು ಮಾಡಿಸಿ ಅಂಗಡಿ ಬಾಗಿಲಲ್ಲಿ ನಿಲ್ಲಿಸ್ತಾರಂತೆ. ಆಗಬಹುದಾ?"

ಅವನ ಕಣ್ಣು ಪರದೆಯ ಮೇಲಿತ್ತು.

"ಹ್ಞೂಂ," ಎಂದ.

ಮುಂದಿನ ಸೋಮವಾರ ಅಂಗಡಿಯ ಬಾಗಿಲಲ್ಲಿ ರಟ್ಟಿನ ಹೆಂಗಸಿನ ಪಕ್ಕಕ್ಕೆ, ಹುಟ್ಟು ಹಿಡಿದು ಕುರ್ಚಿಯಲ್ಲಿ ಕೂತ ರಟ್ಟಿನ ಗಂಡಸೊಬ್ಬ ಬಂದ. ಗಡಿಯಾರ ರಿಪೇರಿಯ ಯಜಮಾನರು ಇಬ್ಬರಿಗೂ ಕೈಮುಗಿದು ಒಳಗೆ ಹೋದರು.