ಎಡ್ಮಂಡನಿಗೆ ಕೊಟ್ಟ ಒಂದು ರನ್ನು

ಕ್ಯಾಪ್ಟನ್‌ಗಿರಿ ಎಂದರೆ ಎಂತ ಎನ್ನುವುದನ್ನು ಭಾವಮೈದುನ ದಾಮೋದರನಿಗೆ ಈವತ್ತು ಊಟದ ಎಲೆಯ ಮುಂದೆಯೇ ಕಲಿಸಿಬಿಡುತ್ತೇನೆ ಎಂದು ರಾಮದಾಸರಾಯರು ಅಜ್ಜರಕಾಡು ಮೈದಾನದಿಂದ ಮನೆಗೆ ಬರುವ ದಾರಿಯಲ್ಲೇ ಪ್ರತಿಜ್ಞೆ ಮಾಡಿದರು. ಭೀಷ್ಮನೂ ಇಷ್ಟು ಜೋರಾಗಿ ಮಾಡಿರಲಿಕ್ಕಿಲ್ಲ! ಎದುರಿಗೆ ಬರುತ್ತಿದ್ದ ಸೈಕಲ್ಲಿನವನು ತನಗೇ ಏನೋ ಹೇಳುತ್ತಿದ್ದಾರೆಂದು ಇಳಿದು ನಿಂತ.

ರಾಯರ ಪ್ರವರವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮಣಿಪಾಲದ ಒಂದು ಆಫೀಸಿನಲ್ಲಿ ಹೆಡ್ ಕ್ಲರ್ಕ್. ಜೀವಮಾನದಲ್ಲಿ ಬ್ಯಾಟು ಮುಟ್ಟಿದವರಲ್ಲ. ಆದರೆ ಹಿಂದಿನ ವರ್ಷ ಲಾರ್ಡ್ಸ್‌ನಲ್ಲಿ ನಮ್ಮವರು ಕಪ್ ಎತ್ತಿದ ಮೇಲೆ ಊರಿನವರೆಲ್ಲ ಕ್ರಿಕೆಟ್ ಪಂಡಿತರಾದರಲ್ಲ, ಆ ಪಂಡಿತರಿಗೆಲ್ಲ ರಾಯರು ಪೀಠಾಧಿಪತಿಗಳು. ಮ್ಯಾಚು ಎಲ್ಲಿಯೇ ಇರಲಿ, ಯಾರದೇ ಇರಲಿ, ಮುಗಿದ ಮೇಲೆ ಹೇಗೆ ಆಡಬೇಕಿತ್ತು ಎನ್ನುವುದು ಅವರಿಗೆ ಅಂಗೈಯಷ್ಟು ಸ್ಪಷ್ಟ. ಮುಗಿಯುವ ಮೊದಲು ಮಾತ್ರ ಯಾರೂ ಅವರನ್ನು ಕೇಳುತ್ತಿರಲಿಲ್ಲ.

ಮೈದಾನದಲ್ಲಿ ಆದದ್ದು ಇಷ್ಟೇ. ಉಡುಪಿಗೂ ಕಾರ್ಕಳಕ್ಕೂ ಮ್ಯಾಚು. ಉಡುಪಿಗೆ ದಾಮೋದರನೇ ಕ್ಯಾಪ್ಟನ್. ಉಳಿದದ್ದು ಕೊನೆಯ ಎರಡು ಬಾಲು, ಕಾರ್ಕಳದವರಿಗೆ ಬೇಕಾದದ್ದು ಮೂರು ರನ್ನು, ಕೈಯಲ್ಲಿದ್ದದ್ದು ಒಂದೇ ವಿಕೆಟು. ಬ್ಯಾಟು ಹಿಡಿದು ನಿಂತವನು ಎಡ್ಮಂಡ್. ಅವನು ಹೊಡೆದರೆ ಬಾಲನ್ನು ಹುಡುಕಲು ಪಕ್ಕದ ಕಂಪೌಂಡಿನವರ ಅಪ್ಪಣೆ ಕೇಳಬೇಕಾಗುತ್ತಿತ್ತು. ಆಚೆ ತುದಿಯಲ್ಲಿ ಶೀನ, ಬ್ಯಾಟನ್ನು ಹಾರೆಯ ಹಾಗೆ ಹಿಡಿಯುವ ಬಡಪಾಯಿ. ದಾಮೋದರ ತನ್ನವರನ್ನೆಲ್ಲ ದೂರ ಗೆರೆಯ ಹತ್ತಿರ ಓಡಿಸಿದ. ಎಡ್ಮಂಡ್ ಹೊಡೆದ, ಒಂದು ರನ್ನು ಧರ್ಮಕ್ಕೆ ಸಿಕ್ಕಿತು, ಅವನು ಆಚೆ ತುದಿ ಸೇರಿದ. ಅಲ್ಲಿಗೆ ಕೊನೆಯ ಬಾಲು ಶೀನನ ಪಾಲಾಯಿತು. ದಾಮೋದರನ ಲೆಕ್ಕಾಚಾರವೇ ಅದು: ಗಟ್ಟಿಗನನ್ನು ಬೇಕೆಂದೇ ದಾಟಿಸು, ಬಡಪಾಯಿಯನ್ನು ಹಿಡಿ. ಬಡಪಾಯಿ ಕಣ್ಣು ಮುಚ್ಚಿ ಬೀಸಿದ. ಬಾಲು ಬ್ಯಾಟಿನ ಯಾವ ಮೂಲೆಗೆ ತಾಗಿತೋ, ಕೀಪರನ ತಲೆಯ ಮೇಲಿಂದ ಹಾರಿ ಗೆರೆ ದಾಟಿತು. ಶೀನ ಕಣ್ಣು ಬಿಟ್ಟಾಗ ಕಾರ್ಕಳದವರು ಅವನನ್ನು ಹೆಗಲ ಮೇಲೆ ಹೊತ್ತಿದ್ದರು.

ರಾತ್ರಿ ಅಕ್ಕನ ಮನೆಯಲ್ಲೇ ದಾಮೋದರನ ಊಟ. ಸಾರು ಬರುವುದರೊಳಗೆ ರಾಯರು ಉಪನ್ಯಾಸ ಶುರು ಮಾಡಿದರು. ಶೂರನನ್ನು ಬಿಟ್ಟು ಬಡವನ ಮೇಲೆ ಬೀಳುವುದು ಹೇಡಿಗಳ ಲಕ್ಷಣವಂತೆ. ತಾವಾಗಿದ್ದರೆ ಎಡ್ಮಂಡನ ಮೂಗಿನ ಎದುರೇ ಆರು ಜನರನ್ನು ನಿಲ್ಲಿಸಿ, ‘ಬಾ’ ಎನ್ನುತ್ತಿದ್ದರಂತೆ. ದಾಮೋದರ ತಲೆ ತಗ್ಗಿಸಿ ಉಣ್ಣುತ್ತಿದ್ದ, ಹೂಂ ಎನ್ನುತ್ತಿದ್ದ. ಎದುರಾಡದವನ ಎದುರು ಮಾತಿನ ರುಚಿ ಹೆಚ್ಚು. ಪಲ್ಯ ಮುಗಿಯುವ ಹೊತ್ತಿಗೆ ರಾಯರು ಕೇಳಿಯೇ ಬಿಟ್ಟರು: “ಅಲ್ಲ ಮಾರಾಯ, ಯಾವ ಕತ್ತೆ ಹೇಳಿಕೊಟ್ಟದ್ದು ನಿನಗೆ ಈ ಬುದ್ಧಿ?”

ದಾಮೋದರ ಎಲೆಯಿಂದ ಎದ್ದ. ಮಜ್ಜಿಗೆ ಬರುವ ಮೊದಲೇ ಎದ್ದ! ಕೈ ತೊಳೆದು, ಅಕ್ಕನಿಗೆ ಮಾತ್ರ ಬರುತ್ತೇನೆ ಎಂದು ಹೇಳಿ, ತನ್ನೂರು ಕಾಪುವಿನ ಕೊನೆಯ ಬಸ್ಸು ಹಿಡಿಯಲು ಹೊರಟುಹೋದ.

ಬಡಿಸುವ ಸೌಟು ಕೈಯಲ್ಲೇ ಹಿಡಿದುಕೊಂಡು ಪ್ರಭಾವತಿ ಗಂಡನನ್ನು ನೋಡಿದರು.

“ವಾರಿಜಾಳ ಮದುವೆಗೆ ಇನ್ನು ಹದಿನೈದು ದಿನ ಉಂಟು. ಅವಳನ್ನು ಮಂಟಪಕ್ಕೆ ಕರೆತರಬೇಕಾದ ಸೋದರಮಾವ ಅವನೊಬ್ಬನೇ. ಅವನು ಬಾರದಿದ್ದರೆ ಬೀಗರ ಎದುರು ನಾನೆಂತ ಹೇಳಬೇಕು? ಎಡ್ಮಂಡನನ್ನು ಕರೆಸ್ತೀರಾ?”

ರಾಯರಿಗೆ ವಾರಿಜಾ ಒಬ್ಬಳೇ ಮಗಳು. ಮಂಟಪದಲ್ಲಿ ಅಂತರಪಟ ಹಿಡಿದುಕೊಂಡು ಪುರೋಹಿತರು ಕಾಯುವುದು, ಒಳಗೆ ಮಗಳು ಸೋದರಮಾವನಿಲ್ಲದೆ ಅಳುತ್ತ ಕೂರುವುದು, ಬೀಗರ ಕಡೆಯ ಹೆಂಗಸರು ಒಬ್ಬರ ಕಿವಿಗೆ ಒಬ್ಬರು ಬಾಗುವುದು, ಎಲ್ಲವೂ ಅವರ ಕಣ್ಣಿಗೆ ಕಟ್ಟಿತು. ಭಯವೇ ಆಯಿತು. ಆದರೆ ಬುದ್ಧಿ ಬಂದಿತೇ? ಇಲ್ಲ! ನಾಲಿಗೆಯನ್ನು ಮನೆಯಲ್ಲಿ ಕಟ್ಟಿಟ್ಟರು, ಮಣಿಪಾಲದ ಬಸ್ಸಿನಲ್ಲಿ ಬಿಚ್ಚಿದರು. ಎಡ್ಮಂಡ್, ಶೀನ, ಕತ್ತೆ, ಮೂರೂ ದಿನಾ ಬೆಳಿಗ್ಗೆ ಅವರೊಟ್ಟಿಗೆ ಪ್ರಯಾಣ ಮಾಡಿದವು. ದಿನಾ ಅದೇ ಬಸ್ಸಿನಲ್ಲಿ ಬರುವ, ಅವರದೇ ಆಫೀಸಿನ ಸಿರಿಲ್ ಕಾಪುವಿನವನು, ದಾಮೋದರನ ನೆರೆಮನೆಯವನು ಎಂಬುದು ಅವರಿಗೆ ನೆನಪಾದದ್ದು ವಾರ ಕಳೆದ ಮೇಲೆ.

ಆದಿತ್ಯವಾರ ಬೆಳಿಗ್ಗೆ ಪ್ರಭಾವತಿ ಗಂಡನ ಕೈಗೆ ಹಣ್ಣಿನ ಚೀಲ ಕೊಟ್ಟು, ಕ್ಷಮೆ ಕೇಳಿ ಅವನನ್ನು ಒಪ್ಪಿಸಿಯೇ ಬನ್ನಿ ಎಂದು ಕಾಪುವಿಗೆ ಅಟ್ಟಿದರು.

ಅಲ್ಲಿ ಗೇಟು ತೆಗೆದ ಕೂಡಲೇ ರಾಯರ ಕಾಲು ನಿಂತಿತು. ಜಗಲಿಯಲ್ಲಿ ಅತ್ತೆ ನರ್ಮದಮ್ಮ ಅಲಸಂಡೆ ಮುರಿಯುತ್ತ ಕುಳಿತಿದ್ದರು. ನರ್ಮದಮ್ಮ ಸಾಮಾನ್ಯರಲ್ಲ. ರಾಯರ ಮದುವೆಯ ದಿನ ಪುರೋಹಿತರು ಅವಸರದಲ್ಲಿ ನಾಲ್ಕು ಮಂತ್ರ ಹಾರಿಸಿದ್ದನ್ನು ಹಿಡಿದು, ಮೊದಲಿನಿಂದ ಹೇಳಿಸಿದವರು. ಮದುಮಗ ರಾಮದಾಸರಾಯರು ಹೋಮದ ಹೊಗೆಯಲ್ಲಿ ಕಣ್ಣೀರು ಸುರಿಸುತ್ತ ಇನ್ನೊಂದು ಗಂಟೆ ಕುಳಿತಿದ್ದರು. ಆವತ್ತಿನಿಂದ ಈವತ್ತಿನವರೆಗೂ ಅತ್ತೆಯ ಎದುರು ಅವರಿಗೆ ಕಣ್ಣು ಉರಿಯುತ್ತದೆ.

“ಬನ್ನಿ ಅಳಿಯಂದಿರೇ. ಇದೆಂತ, ಹೇಳದೆ ಕೇಳದೆ?” ಎಂದರು ನರ್ಮದಮ್ಮ, ನಗುತ್ತಲೇ.

ಹಾಗಾದರೆ ಎಲೆಯಿಂದ ಎದ್ದ ಸುದ್ದಿ ಇವರಿಗೆ ಗೊತ್ತಿಲ್ಲ! ರಾಯರ ಮಂಡೆ ಚುರುಕಾಯಿತು. ದಾಮೋದರ ಗದ್ದೆಯ ಕಡೆ ಹೋಗಿದ್ದಾನೆ. ಒಳಗೆ ಇರುವುದು ಅವನ ಹೆಂಡತಿ ಸುಭಾಷಿಣಿ, ಹೆಬ್ರಿಯ ಹುಡುಗಿ, ಮದುವೆಯಾಗಿ ಬಂದು ವರ್ಷವಾಗಿಲ್ಲ. ‘ಕಾಫಿ ತರ್ಲಾ ಭಾವ’ ಎನ್ನುವುದಕ್ಕಿಂತ ಉದ್ದದ ವಾಕ್ಯ ಅವಳ ಬಾಯಿಂದ ರಾಯರು ಕೇಳಿದ್ದಿಲ್ಲ. ಅವಳನ್ನು ಒಲಿಸಿಕೊಂಡರೆ ಅವಳೇ ಗಂಡನನ್ನು ಒಪ್ಪಿಸುತ್ತಾಳೆ. ಅಡ್ಡ ಇರುವುದು ಅತ್ತೆ ಮಾತ್ರ.

“ಪ್ರಭಾ ಹಲಸಿನ ಹಪ್ಪಳ ಮಾಡ್ಬೇಕಂತ ಕೂತಿದ್ದಾಳೆ ಅತ್ತೆ,” ಎಂದರು ರಾಯರು, ಒಂದು ಚೂರೂ ನಾಚದೆ. “ಮದುವೆ ಹಪ್ಪಳಕ್ಕೆ ನಿಮ್ಮ ಕೈಯೇ ಆಗ್ಬೇಕಂತೆ.”

ಹಪ್ಪಳಕ್ಕೆ ತಮ್ಮ ಕೈಯೇ ಆಗಬೇಕೆಂದರೆ ನರ್ಮದಮ್ಮ ಸ್ವರ್ಗದಿಂದಲೂ ಇಳಿದು ಬರುವವರು. ಹತ್ತು ನಿಮಿಷದಲ್ಲಿ ಸೀರೆ ಬದಲಾಯಿಸಿ ಹೊರಟೇಬಿಟ್ಟರು. ರಾಯರು ಅವರನ್ನು ಉಡುಪಿಯ ಬಸ್ಸಿಗೆ ಹತ್ತಿಸಿ, ಮುಂದಿನ ಸೀಟು ಹಿಡಿದುಕೊಟ್ಟು, ಬಸ್ಸು ಕಣ್ಮರೆಯಾಗುವವರೆಗೆ ಕೈ ಬೀಸಿದರು. ಏನು ಬುದ್ಧಿ, ಏನು ಯೋಜನೆ! ಅವರಿಗೇ ತಮ್ಮ ಬಗ್ಗೆ ಹೆಮ್ಮೆಯಾಯಿತು.

ಮರಳಿ ಬಂದು ಜಗಲಿಯಲ್ಲಿ ಕುಳಿತರು. ಸುಭಾಷಿಣಿ ಕಾಫಿ ತಂದಿಟ್ಟಳು. ರಾಯರು ಸ್ವರಕ್ಕೆ ಬೆಲ್ಲ ಸೇರಿಸಿ, ದಾಮು ಸಿಟ್ಟು ಮಾಡಿಕೊಂಡಿದ್ದಾನೆ, ನೀನು ಒಂದು ಮಾತು ಹೇಳಬೇಕಮ್ಮ ಎಂದರು.

“ಅವರಿಗೆ ಸಿಟ್ಟಿಲ್ಲ ಭಾವ.”

“ಮತ್ತೆ ಎಲೆಯಿಂದ ಎದ್ದು ಹೋದನಲ್ಲ?”

“ಅದು ನೀವು ಅವರ ಹೆಂಡತಿಯನ್ನು ಕತ್ತೆ ಅಂದದ್ದಕ್ಕೆ,” ಎಂದಳು ಸುಭಾಷಿಣಿ. “ಎಡ್ಮಂಡನಿಗೆ ಒಂದು ರನ್ನು ಕೊಟ್ಟು ಆಚೆ ಕಳಿಸಿ ಅಂತ ಹಿಂದಿನ ದಿನ ಹೇಳಿದ್ದು ನಾನು.”

ರಾಯರ ಕಾಫಿ ಪಂಚೆಯ ಮೇಲೆ ಚೆಲ್ಲಿತು. ಅವಳು ನಿಧಾನವಾಗಿ ಎಲ್ಲ ಹೇಳಿದಳು. ಹೆಬ್ರಿಯ ತವರಿನಲ್ಲಿ ನಾಲ್ಕು ಜನ ಅಣ್ಣಂದಿರು, ಒಂದು ರೇಡಿಯೋ, ಬುದ್ಧಿ ಬಂದಾಗಿನಿಂದ ಕಮೆಂಟರಿ. ಬಸ್ಸಿನಲ್ಲಿ ರಾಯರು ದಿನಾ ಹೇಳಿದ್ದನ್ನು ಸಿರಿಲ್ ಸಂಜೆ ಬಾವಿಕಟ್ಟೆಯಲ್ಲಿ ಒಂದಕ್ಷರ ಬಿಡದೆ ಒಪ್ಪಿಸುತ್ತಿದ್ದನಂತೆ. ಅತ್ತೆಗೆ ಮಾತ್ರ ತಿಳಿಯದ ಹಾಗೆ ಗಂಡಹೆಂಡತಿ ನೋಡಿಕೊಂಡಿದ್ದರಂತೆ.

“ಸೋತದ್ದಕ್ಕೆ ಬೈಯಿರಿ ಭಾವ, ಬೇಜಾರಿಲ್ಲ. ಆದರೆ ಹೇಡಿ ಅಂದಿರಲ್ಲ. ಈಗ ನೀವು ಅತ್ತೆಯನ್ನು ಬಸ್ಸು ಹತ್ತಿಸಿ ನನ್ನ ಹತ್ತಿರ ಬಂದಿರಿ. ನಾನು ಅವರಿಗೆ ಹೇಳಿಕೊಟ್ಟದ್ದೂ ಇದನ್ನೇ ಅಲ್ವಾ?”

ಜೀವಮಾನದಲ್ಲಿ ಮೊದಲ ಸಲ, ಒಂದು ಮ್ಯಾಚಿನ ಬಗ್ಗೆ ರಾಯರಿಗೆ ಹೇಳಲು ಏನೂ ಇರಲಿಲ್ಲ. ಕೊನೆಗೆ, ತಪ್ಪಾಯಿತಮ್ಮ ಎಂದರು. ನಿಜವಾಗಿಯೂ ನಾಚಿಕೆಯಾಗಿತ್ತು ಅವರಿಗೆ, ಕಿವಿಯ ತುದಿಯವರೆಗೆ.

ಸುಭಾಷಿಣಿ ನಕ್ಕಳು. ವಾರಿಜಾಳನ್ನು ಮಂಟಪಕ್ಕೆ ಕರೆತರಲು ಅವರು ಬಂದೇ ಬರುತ್ತಾರೆ, ಅದರ ಚಿಂತೆ ಬೇಡ, ಆದರೆ ಕತ್ತೆಯ ಮಾತನ್ನು ಅದೇ ಮಣಿಪಾಲದ ಬಸ್ಸಿನಲ್ಲಿ, ಸಿರಿಲ್ಲನ ಎದುರೇ ವಾಪಸ್ಸು ತೆಗೆದುಕೊಳ್ಳಬೇಕು ಎಂದಳು. ರಾಯರು ಬೇಕಾದರೆ ಬಸ್ಸಿನ ಟಾಪಿನ ಮೇಲೆ ನಿಂತು ತೆಗೆದುಕೊಳ್ಳುತ್ತೇನೆ ಎಂದರು. ಅಷ್ಟು ಹಗುರವಾಗಿತ್ತು ಮನಸ್ಸು. ಮಗಳ ಮದುವೆ ಉಳಿಯಿತಲ್ಲ! ಮರಳುವ ಬಸ್ಸು ಉದ್ಯಾವರ ದಾಟುವಾಗ ಅವರು ಸಣ್ಣಗೆ ಸಿಳ್ಳೆಯನ್ನೂ ಹಾಕಿದರು.

ಉಡುಪಿಯ ಮನೆಯ ಮೆಟ್ಟಿಲು ಹತ್ತುವಾಗ ಸಿಳ್ಳೆ ನಿಂತಿತು. ಮದುವೆಯ ಅಡುಗೆಗೆ ಗೊತ್ತುಮಾಡಿದ್ದ ಭಟ್ಟರು ಮುಖ ಸಣ್ಣ ಮಾಡಿಕೊಂಡು ಎದುರಿನಿಂದ ಇಳಿದು ಹೋದರು. ಒಳಗೆ ನೋಡಿದರೆ ರಾಯರ ಆರಾಮ ಕುರ್ಚಿಯಲ್ಲಿ ನರ್ಮದಮ್ಮ.

ನಡೆದದ್ದು ಸರಳ. ತಾಯಿ ಇದ್ದಕ್ಕಿದ್ದ ಹಾಗೆ ಬಾಗಿಲಲ್ಲಿ ನಿಂತದ್ದು ಕಂಡು, ಜಗಳದ ಸುದ್ದಿ ತಿಳಿದೇ ಬಂದಿದ್ದಾರೆಂದು ಪ್ರಭಾವತಿ ಅತ್ತುಬಿಟ್ಟಿದ್ದರು. ಎಡ್ಮಂಡನಿಂದ ಹಿಡಿದು ಕತ್ತೆಯವರೆಗೆ ಎಲ್ಲವನ್ನೂ ಹೇಳಿದ್ದರು. ಆಮೇಲೆ ನರ್ಮದಮ್ಮ ಹಲಸಿನಕಾಯಿ ಎಲ್ಲಿ ಎಂದು ಕೇಳಿದ್ದರು. ಮನೆಯಲ್ಲಿ ಹಲಸಿನ ಎಲೆಯೂ ಇರಲಿಲ್ಲ.

“ಅತ್ತೆ, ದಾಮು ಬರ್ತಾನಂತೆ,” ಎಂದರು ರಾಯರು, ಇದ್ದ ಒಂದೇ ಒಳ್ಳೆಯ ಸುದ್ದಿಯನ್ನು ಮುಂದೆ ಮಾಡಿ.

“ಬಾರದೆ ಎಲ್ಲಿ ಹೋಗ್ತಾನೆ? ನನಗೆ ಒಂದು ವಿಷಯ ಹೇಳಿ. ಆ ಎಡ್ಮಂಡನನ್ನು ಆಚೆ ತುದಿಗೆ ಕಳಿಸಿದ ಮೇಲೆ ಅವನು ಎಂತ ಮಾಡಿದ?”

“ಎಂತದೂ ಇಲ್ಲ ಅತ್ತೆ. ಸುಮ್ಮನೆ ನಿಂತಿದ್ದ.”

“ಹಾಗಾ,” ಎಂದ ನರ್ಮದಮ್ಮ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದರು. “ಮದುವೆ ಮುಗಿಯುವವರೆಗೆ ನಾನು ಈ ತುದಿಯಲ್ಲೇ ಇರ್ತೇನೆ ಅಳಿಯಂದಿರೇ. ಆದರೆ ಸುಮ್ಮನೆ ನಿಲ್ಲುವ ಅಭ್ಯಾಸ ನನಗಿಲ್ಲ.”