ದೊರೆ ಮಿಂದ ಹಂಡೆ

ವಸಂತನ ವ್ಯಾಪಾರ ಕೆಟ್ಟಿದ್ದು ಒಂದು ಉಂಡೆ ಹುಣಸೆಹಣ್ಣಿನಿಂದ. ಮಾರುಕಟ್ಟೆ ಬಿದ್ದು ಕೆಟ್ಟವರು, ಪಾಲುದಾರ ಕೈಕೊಟ್ಟು ಕೆಟ್ಟವರು ಊರಿಗೆ ನಾಲ್ಕು ಜನ ಸಿಗುತ್ತಾರೆ. ಹುಣಸೆಹಣ್ಣಿನಿಂದ ಕೆಟ್ಟವನು ಮಾತ್ರ ಇಡೀ ತಾಲ್ಲೂಕಿಗೆ ಇವನೊಬ್ಬನೇ ಇರಬೇಕು.

ಹುಣಸೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ತನ್ನ ಮನೆಯ ಮುಂದಿನ ರೂಮಿನಲ್ಲೇ, ‘ವಸಂತ್ ವಿಂಟೇಜ್’ ಎಂದು ಬೋರ್ಡು ಹಾಕಿಕೊಂಡು ಅವನಿಗೆ ಎರಡು ವರ್ಷವಾಗಿತ್ತು. ಹಳ್ಳಿಹಳ್ಳಿ ಸುತ್ತಿ ಅಟ್ಟದಲ್ಲಿ, ಕೊಟ್ಟಿಗೆಯಲ್ಲಿ ಬಿದ್ದಿರುವ ಹಳೆಯ ಸಾಮಾನು ಕೊಳ್ಳುವುದು, ಅದನ್ನು ಮೈಸೂರಿನ ಹೋಟೆಲುಗಳಿಗೆ, ಕಬಿನಿ ಕಡೆಯ ರೆಸಾರ್ಟುಗಳಿಗೆ ಮಾರುವುದು, ಇದು ಕಸುಬು. ಕೊಳ್ಳುವ ಅರ್ಧ ಬಲು ಚೆನ್ನಾಗಿ ನಡೆದಿತ್ತು. ಹಾಡದ ರೇಡಿಯೋ, ನಡೆಯದ ಗಡಿಯಾರ, ಉರಿಯದ ಪೆಟ್ರೋಮ್ಯಾಕ್ಸ್ ದೀಪಗಳು ಸೂರು ಮುಟ್ಟುವಂತೆ ಪೇರಿಕೊಂಡು, ಮನೆಯವರು ಬೀದಿಗೆ ಬರಬೇಕಾದರೆ ಹಿತ್ತಲಿಂದ ಬಳಸಿ ಬರಬೇಕಿತ್ತು. ಮಾರುವ ಅರ್ಧದ ವಿಷಯ ಅವನ ಹತ್ತಿರ ಯಾರೂ ಎತ್ತುತ್ತಿರಲಿಲ್ಲ.

ಹೆಂಡತಿ ಪ್ರಮೀಳಾ ಒಬ್ಬಳು ಎತ್ತುತ್ತಿದ್ದಳು. ಬ್ಲೌಸ್ ಹೊಲಿಯುವುದರಲ್ಲಿ ಪಳಗಿದ ಕೈ ಅವಳದು. ಯಾರದೋ ಅಂಗಡಿಯಲ್ಲಿ ಕೂಲಿಗೆ ಹೊಲಿದು ಮನೆ ನಡೆಸುತ್ತಿದ್ದವಳಿಗೆ ಆ ರೂಮಿನ ಮೇಲೆ ಬಹಳ ದಿನದಿಂದ ಕಣ್ಣು. ಆ ಬುಧವಾರ ಬೆಳಿಗ್ಗೆ ಗಂಡನಿಗೆ ಕಾಫಿ ಕೊಟ್ಟು, ದನಿ ಕೂಡ ಏರಿಸದೆ ಹೇಳಿದಳು: “ಇವತ್ತು ಸಂಜೆ ಒಳ್ಗೆ ಒಂದೇ ಒಂದು ಸಾಮಾನು ಮಾರಿ ಲಾಭ ತಂದು ತೋರ್ಸಿ. ನಾನು ಬಾಯಿ ಬಿಡಲ್ಲ. ಇಲ್ಲಾಂದ್ರೆ ರೂಮು ಖಾಲಿ ಮಾಡಿ, ನಾನು ಟೈಲರಿಂಗ್ ಅಂಗಡಿ ಇಡ್ತೀನಿ.” ವಸಂತ ಕಾಫಿ ಹೀರುತ್ತ ಆಗಲಿ ಎಂದ. ಅಷ್ಟು ಸಲೀಸಾಗಿ ಒಪ್ಪಿಕೊಂಡಿದ್ದು ಗಾವಡಗೆರೆಯ ಒಂದು ಹಂಡೆಯ ಧೈರ್ಯದ ಮೇಲೆ.

ಆ ಹಂಡೆ ಅವನಿಗೆ ಸಿಕ್ಕಿದ್ದು ಹಿಂದಿನ ವಾರ, ಚಿಕ್ಕಬೀರಮ್ಮ ಎಂಬ ಮುದುಕಿಯ ಬಚ್ಚಲಮನೆಯಲ್ಲಿ. ಮಗ ತಾರಸಿಗೆ ಸೋಲಾರ್ ಹಾಕಿಸಿದ ಮೇಲೆ ಹಂಡೆಗೆ ಕೆಲಸವಿರಲಿಲ್ಲ. ಒಳ್ಳೆ ದಪ್ಪ ತಾಮ್ರ, ಇಬ್ಬರು ಕೈ ಕೂಡಿಸಿ ತಬ್ಬುವಷ್ಟು ಗಾತ್ರ, ಮೈತುಂಬ ಅರ್ಧ ಶತಮಾನದ ಮಸಿ. ನಾಲ್ಕು ಸಾವಿರಕ್ಕೆ ಮಾತಾಡಿ, ದುಡ್ಡು ಅಲ್ಲೇ ಕೈಗೆ ಕೊಟ್ಟು, ಫೋಟೋ ತೆಗೆದು ಕಬಿನಿ ಹಿನ್ನೀರಿನ ಒಂದು ರೆಸಾರ್ಟಿನ ಮ್ಯಾನೇಜರ್ ಮಧುಶ್ರೀಗೆ ಕಳಿಸಿದ. ಮೇಡಂ ಹತ್ತು ಸಾವಿರ ಎಂದರು. ಜೊತೆಗೆ, ಇದರ ಕತೆ ಏನು ಎಂದು ಕೇಳಿದರು. ರೆಸಾರ್ಟಿಗೆ ಬರುವವರು ಹಂಡೆಯ ಮುಂದೆ ಕೂತು ಕಾಫಿ ಕುಡಿಯುವಾಗ ಓದಿಕೊಳ್ಳಲು ಒಂದು ಕತೆ ಬೇಕಂತೆ.

ಅರ್ಧ ಲೋಟ ಟೀ ಮುಗಿಯುವುದರೊಳಗೆ ವಸಂತನಿಗೆ ಕತೆ ಹೊಳೆಯಿತು. ಕಾಕನಕೋಟೆ ಕಾಡಿನಲ್ಲಿ ಖೆಡ್ಡಾ ಮಾಡಿ ಆನೆ ಹಿಡಿಯುತ್ತಿದ್ದ ಕಾಲದಲ್ಲಿ, ಅದನ್ನು ನೋಡಲು ಬಂದ ಬಿಳಿ ದೊರೆಯೊಬ್ಬ ಮೈಕೈ ನೋವೆಂದು ಮೂರು ದಿನ ಮಿಂದ ಹಂಡೆ ಇದು ಎಂದು ಬರೆದು ಕಳಿಸಿದ. ಬೆಲೆ ಇಪ್ಪತ್ತು ಸಾವಿರಕ್ಕೆ ನೆಗೆಯಿತು. ಜೊತೆಗೆ, ಬುಧವಾರ ಮಧ್ಯಾಹ್ನ ತಾನೇ ಗಾವಡಗೆರೆಗೆ ಬರುತ್ತೇನೆ, ಹಂಡೆಯನ್ನು ಅದೇ ಮನೆಯಲ್ಲಿ ನೋಡುತ್ತೇನೆ, ಹಿರಿಯರ ಬಾಯಿಂದ ಕತೆ ಹೇಳಿಸಿ ವಿಡಿಯೋ ಮಾಡುತ್ತೇನೆ ಎಂಬ ಉತ್ತರವೂ ಬಂತು. ಇದು ವಸಂತನ ಲೆಕ್ಕದಲ್ಲಿ ಇರಲಿಲ್ಲ. ಹಂಡೆ ಅಲ್ಲೇ ಇರಲಿ, ದೊಡ್ಡವರು ನೋಡಲು ಬರುತ್ತಾರೆ ಎಂದು ಮುದುಕಿಗೆ ಫೋನು ಮಾಡಿ ಹೇಳಿದ. ಮುದುಕಿಗೆ ದೊರೆಯ ಪಾಠ ಬಾಯಿಪಾಠ ಮಾಡಿಸಲೆಂದು ಬುಧವಾರ ಹತ್ತು ಗಂಟೆಗೇ ಗೂಡ್ಸ್ ಆಟೋ ಓಡಿಸಿಕೊಂಡು ಬಂದ.

ಬಂದು ನೋಡಿದರೆ ಹಂಡೆ ಬಚ್ಚಲಲ್ಲಿಲ್ಲ. ಅಂಗಳದ ನಡುವೆ ಮಗ್ಗುಲಾಗಿ ಬಿದ್ದಿದೆ, ನಾಲ್ಕು ಹೆಂಗಸರು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಹುಣಸೆಹಣ್ಣು ಬೂದಿ ಹಚ್ಚಿ ತಿಕ್ಕುತ್ತಿದ್ದಾರೆ. ಹಂಡೆ ಹೊಸ ಮದುಮಗಳಂತೆ ಹೊಳೆಯುತ್ತಿತ್ತು. ವಸಂತ ಓಡಿಹೋಗಿ ಅದರ ಮೈ ಸವರಿ ನೋಡಿದ, ಬೆರಳಿಗೆ ಒಂದಿಷ್ಟೂ ಮಸಿ ಹತ್ತಲಿಲ್ಲ. ಅವನ ಲೆಕ್ಕದಲ್ಲಿ ಆ ಮಸಿಗೇ ಎಂಟು ಸಾವಿರ ಬೆಲೆ ಇತ್ತು.

“ಏನವ್ವಾ ಇದು?” ಎಂದ, ಅಳು ತಡೆದುಕೊಂಡು.

“ದೊಡ್ಡ ಮನುಷ್ರು ನೋಡಾಕ್ ಬತ್ತಾರೆ ಅಂದ್ಯಲ್ಲ ಮಗ. ಮಸಿ ಹಂಡೆ ತೋರ್ಸುದ್ರೆ ಈ ಮನೇಲಿ ಹೆಂಗಸ್ರೇ ಇಲ್ವಾ ಅನ್ನಾಕಿಲ್ವಾ?” ಎಂದಳು ಚಿಕ್ಕಬೀರಮ್ಮ. ಬೆಳಗಿನ ಜಾವದಿಂದ ತಿಕ್ಕಿ ಭುಜ ಬಿದ್ದುಹೋಗಿದೆ ಎಂದೂ ಸೇರಿಸಿದಳು.

ವಸಂತ ತಲೆ ಮೇಲೆ ಕೈ ಹೊತ್ತು ಜಗಲಿಯಲ್ಲಿ ಕೂತ. ಪಕ್ಕದ ಮನೆಯ ಹುಚ್ಚಯ್ಯ ಬಂದು ಪಕ್ಕದಲ್ಲಿ ಕೂತ. ಊರಿನ ಯಾವ ವ್ಯವಹಾರಕ್ಕೂ ಹುಚ್ಚಯ್ಯನನ್ನು ಕರೆಯಬೇಕಾದ್ದಿಲ್ಲ, ತಾನೇ ಬಂದು ಮುಗಿಯುವತನಕ ಏಳದ ಉಪಕಾರಿ. ಮಸಿ ತಾನೇ ಬೇಕಾಗಿದ್ದು, ಹಸಿ ತೆಂಗಿನ ಗರಿ ಸುಟ್ಟರೆ ಒಂದು ಗಳಿಗೆಯಲ್ಲಿ ಐವತ್ತು ವರ್ಷದ ಮಸಿ ಕೂರಿಸಿಕೊಡುತ್ತೇನೆ ಎಂದ. ಬೇರೆ ದಾರಿಯಿಲ್ಲದೆ ವಸಂತ ಒಪ್ಪಿದ. ಗರಿ ಹೊತ್ತಿಕೊಂಡು, ಹೊಗೆ ಇಡೀ ಬೀದಿ ತುಂಬಿ, ಯಾರ ಮನೆಯ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿಗೋ ಬೆಂಕಿ ಬಿತ್ತೆಂದು ಹತ್ತು ಜನ ಬಿಂದಿಗೆ ಹಿಡಿದು ಓಡಿಬಂದರು. ಹೊಗೆ ಇಳಿದಾಗ ವಸಂತನ ಮುಖ ಕಪ್ಪಗಾಗಿತ್ತು, ಹೊಸ ಅಂಗಿ ಕಪ್ಪಗಾಗಿತ್ತು, ಹಂಡೆ ಮಾತ್ರ ಅಲ್ಲಲ್ಲಿ ಮಚ್ಚೆ ಬಿದ್ದು ಹಾಗೇ ಹೊಳೆಯುತ್ತಿತ್ತು.

ಮಚ್ಚೆ ಒರೆಸಲು ಹೋದ ಹುಚ್ಚಯ್ಯ ಹಂಡೆಯ ಕತ್ತಿನ ಹತ್ತಿರ ಕೈ ನಿಲ್ಲಿಸಿದ. ತಾಮ್ರದಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರಗಳೊಳಗೆ ಮಸಿ ಕೂತು, ಅವು ಸ್ಲೇಟಿನ ಮೇಲೆ ಬರೆದಷ್ಟು ಚೆನ್ನಾಗಿ ಕಾಣುತ್ತಿದ್ದವು. ಕನ್ನಡಕ ಏರಿಸಿಕೊಂಡು ಜೋರಾಗಿ ಓದಿದ: “ಚಿಕ್ಕಬೀರಮ್ಮನ ಮದುವೆಗೆ ಹುಣಸೂರು ಜವರಯ್ಯನ ಮುಯ್ಯಿ, 1974.”

ಆ ಕಡೆ ಮದುವೆಗೆ ಪಾತ್ರೆ ಕೊಟ್ಟವರು ಹೆಸರು ಕೊರೆಸದೆ ಕೊಡುವುದಿಲ್ಲ. ಕೊಟ್ಟದ್ದು ಮುಯ್ಯಿ. ಕೊಟ್ಟವರ ಮನೆಯಲ್ಲಿ ಕಾರ್ಯವಾದಾಗ ಅದನ್ನು ತೀರಿಸಬೇಕು, ಯಾರಿಗೆ ತೀರಿಸಬೇಕೆಂದು ಮರೆಯದಿರಲಿ ಎಂದೇ ಹೆಸರು. ವಸಂತನಿಗೆ ಮೊದಲು ಕಂಡದ್ದು ಇಸವಿ. ಎಪ್ಪತ್ತನಾಲ್ಕರ ಹಂಡೆಯಲ್ಲಿ ಬ್ರಿಟಿಷರ ಕಾಲದ ದೊರೆಯನ್ನು ಮೀಯಿಸುವುದು ಹೇಗೆ? ಎರಡನೆಯದಾಗಿ ಕಂಡದ್ದು ಹೆಸರು. ಹೊಗೆಸೊಪ್ಪಿನ ವ್ಯಾಪಾರಕ್ಕೆ ಈ ಹಳ್ಳಿಗಳನ್ನೆಲ್ಲ ತುಳಿದ ಹುಣಸೂರು ಜವರಯ್ಯ ಬೇರೆ ಯಾರೂ ಅಲ್ಲ, ತೀರಿಕೊಂಡು ಇಪ್ಪತ್ತು ವರ್ಷವಾದ ಇವನ ಅಪ್ಪ.

ಇಲ್ಲಿ ವಸಂತ ಬಾಯಿ ಮುಚ್ಚಿಕೊಂಡಿದ್ದರೆ ಅವನ ಹಣೆಬರಹ ಬೇರೆ ಇರುತ್ತಿತ್ತು. ಆದರೆ ಅಪ್ಪನ ಹಂಡೆ ಅಂದಮೇಲೆ ಮಗನಿಗೆ ಪುಕ್ಕಟೆ, ಕೊಟ್ಟ ನಾಲ್ಕು ಸಾವಿರವೂ ವಾಪಸ್ಸು ಎಂದು ಮನಸ್ಸು ಕುಣಿಯಿತು. “ಅವ್ವಾ, ಜವರಯ್ಯ ನಮ್ಮಪ್ಪ ಕಣವ್ವ,” ಎಂದ.

ಚಿಕ್ಕಬೀರಮ್ಮ ಬೂದಿ ಕೈಯಲ್ಲೇ ಅವನ ಮುಖ ಹಿಡಿದುಕೊಂಡು ಅತ್ತಳು. ತಾಯಿಯಿಲ್ಲದ ಮದುಮಗಳಿಗೆಂದು ಆ ಪುಣ್ಯಾತ್ಮ ಮೈಸೂರಿಂದ ಬಸ್ಸಿನ ಟಾಪಿನ ಮೇಲೆ ಹಂಡೆ ಹೇರಿಕೊಂಡು ಬಂದದ್ದನ್ನು ನೆನೆಸಿಕೊಂಡಳು. ಒಳಗೆ ಹೋಗಿ ಪೆಟ್ಟಿಗೆಯಿಂದ ಅವನ ನಾಲ್ಕು ಸಾವಿರ ತಂದು ಅವನ ಜೇಬಿಗೆ ತುರುಕಿದಳು. ವಸಂತ ಬೇಡ ಬೇಡವೆನ್ನುತ್ತಲೇ ಜೇಬು ಅಗಲಿಸಿ ಹಿಡಿದ.

“ತಗೊ ಮಗ ನಿನ್ ದುಡ್ಡ,” ಎಂದಳು ಕಣ್ಣೊರೆಸಿಕೊಂಡು. “ಪರ್ಪಂಚದಾಗೆ ಯಾರಿಗ್ ಬೇಕಾರೂ ಮಾರೇನು, ನಿಂಗೆ ಮಾತ್ರ ಈ ಹಂಡೆ ಕೊಡಾಕಿಲ್ಲ.”

ಕೊಟ್ಟ ಮುಯ್ಯಿಯನ್ನು ಕೊಟ್ಟವರ ಮನೆಗೇ ವಾಪಸ್ಸು ಕಳಿಸುವುದೆಂದರೆ ಅವರ ಮುಖಕ್ಕೆ ಎಸೆದ ಹಾಗೆ. ಅದಕ್ಕೆ ದುಡ್ಡು ಬೇರೆ ಇಸಿದುಕೊಂಡರೆ ಇನ್ನೇನು ಉಳಿಯಿತು? ಅಂಗಳದಲ್ಲಿದ್ದವರೆಲ್ಲ ಹೌದು ಹೌದೆಂದರು. ವಸಂತ ಬೆವರುತ್ತ, ಹುಚ್ಚಯ್ಯನಿಗೆ ಮಾರಿ, ಹುಚ್ಚಯ್ಯ ತನಗೆ ಮಾರಲಿ ಎಂದು ಉಪಾಯ ಹೇಳಿದ. ಹಾಗೆ ಮಾಡಿದವರು ಯಾರೂ ಉದ್ಧಾರವಾಗಿಲ್ಲ ಎಂದು ಹುಚ್ಚಯ್ಯ ತಲೆಯಾಡಿಸಿದ. ಹಾಗೆ ಮಾಡಿದವರು ಯಾರು ಎಂದರೆ ಹೆಸರು ನೆನಪಿಲ್ಲ ಎಂದ. ಹೆಸರನ್ನು ಅರದಲ್ಲಿ ಉಜ್ಜಿಬಿಡೋಣವೇ ಎಂದು ವಸಂತ ಕೇಳಿದ್ದಕ್ಕೆ, ಅಪ್ಪನ ಹೆಸರು ಅಳಿಸುವ ಮಗನನ್ನು ಇವತ್ತೇ ನೋಡಿದ್ದು ಎಂದು ಹೆಂಗಸರು ಮೂಗಿನ ಮೇಲೆ ಬೆರಳಿಟ್ಟರು.

ಅಷ್ಟರಲ್ಲಿ ಮಧುಶ್ರೀಯ ಜೀಪು ಬಂದು ನಿಂತಿತು. ಮಸಿ ಮುಖದಲ್ಲೇ ಓಡಿಹೋದ ವಸಂತ, ದೊರೆ ಬಹುಶಃ ಪಕ್ಕದೂರಿನ ಹಂಡೆಯಲ್ಲಿ ಮಿಂದಿರಬಹುದು ಎಂದು ತೊದಲಿದ.

“ದೊರೆ ವಿಷಯ ಬಿಡಿ ವಸಂತ್ ಅವರೇ. ನಮ್ಮಲ್ಲಿ ಆಗಲೇ ದೊರೆ ಮಿಂದ ಹಂಡೆ ಮೂರಿದೆ, ದೊರೆ ಮಲಗಿದ ಮಂಚ ಐದಿದೆ. ಈ ಕಡೆ ಹಳೇ ಸಾಮಾನು ಮಾರೋರ ಮಾತು ಕೇಳಿದ್ರೆ ಆ ಮನುಷ್ಯನಿಗೆ ಆನೆ ನೋಡೋಕೆ ಪುರುಸೊತ್ತೇ ಸಿಕ್ಕಿಲ್ಲ,” ಎಂದು ಮಧುಶ್ರೀ ನೇರವಾಗಿ ಹಂಡೆಯ ಹತ್ತಿರ ಹೋದಳು. ಹೆಸರು ಓದಿದಳು. ಚಿಕ್ಕಬೀರಮ್ಮನ ಬಾಯಿಂದ ಬಸ್ಸಿನ ಟಾಪಿನ ಕತೆ ಕೇಳಿ ಕಣ್ಣೀರು ಹಾಕಿದಳು. ವಿಡಿಯೋ ಮಾಡಿಸಿ, ಅದು ಸರಿಯಾಗಿ ಬರಲಿಲ್ಲವೆಂದು ಇನ್ನೊಮ್ಮೆ ಹೇಳಿಸಿ, ಆಗಲೂ ಅಷ್ಟೇ ಕಣ್ಣೀರು ಹಾಕಿದಳು. ಹೊರಗಿನವಳಿಗೆ ಮಾರಲು ಮುದುಕಿಗೆ ಅಡ್ಡಿಯೇನೂ ಇರಲಿಲ್ಲ. ಇಪ್ಪತ್ತು ಸಾವಿರ ಎಣಿಸಿ ನೇರವಾಗಿ ಅವಳ ಕೈಗೆ ಕೊಟ್ಟು, ಹಂಡೆಯನ್ನು ಜೀಪಿಗೆ ಹೇರಿಸಿದ್ದಾಯಿತು. ಎತ್ತಿ ಹಾಕಿದವನು ವಸಂತನೇ.

“ಮೇಡಂ, ನಂಗೆ ಕಮಿಷನ್ ಅಂತ...” ಎಂದ.

“ನಿಮ್ಮ ತಂದೆ ಹೆಸರು ನಮ್ಮ ರೆಸಾರ್ಟ್ ಬಾಗಿಲಲ್ಲೇ ಇರುತ್ತೆ. ದುಡ್ಡಲ್ಲಿ ಅದಕ್ಕೆ ಬೆಲೆ ಕಟ್ಟೋಕಾಗುತ್ತಾ?” ಎಂದು ಮಧುಶ್ರೀ ಕೈಮುಗಿದಳು. ಜೀಪು ಧೂಳೆಬ್ಬಿಸಿಕೊಂಡು ಹೋಯಿತು.

ವಸಂತನ ಮುಖ ನೋಡಿ ಚಿಕ್ಕಬೀರಮ್ಮ ಹತ್ತಿರ ಬಂದಳು. ನೋಟಿನ ಕಟ್ಟನ್ನು ಎದೆಗೊತ್ತಿಕೊಂಡು, “ಇದು ನನ್ ದುಡ್ಡಲ್ಲ ಕಣ್ ಮಗ, ನಿಮ್ಮಪ್ಪಂದು. ಐವತ್ತು ವರ್ಸ ಆ ಹಂಡೆ ನೀರಲ್ಲಿ ಮಿಂದು ಅವ್ನಿಗೊಂದ್ ತಟ್ಟೆನೂ ತಿರುಗ್ಸಿಲ್ಲ. ಮುಯ್ಯಿ ತೀರ್ಸ್‌ಬೇಕು,” ಎಂದಳು. ವಸಂತನಿಗೆ ಹೋದ ಜೀವ ಬಂತು. ಇಪ್ಪತ್ತು ಸಾವಿರವೂ ಲಾಭ, ಪ್ರಮೀಳಾ ಇನ್ನು ಜನ್ಮದಲ್ಲಿ ಬಾಯಿ ಬಿಡುವ ಹಾಗಿಲ್ಲ.

ಕೈಚಾಚಿದರೆ ಮುದುಕಿ ಕೊಡಲಿಲ್ಲ. ಮುಯ್ಯಿಯನ್ನು ಹೀಗೆ ರಸ್ತೆಯಲ್ಲಿ ನಿಂತು ಕೊಡುತ್ತಾರೆಯೇ? ಮನೆಯಲ್ಲಿ ಏನಾದರೂ ಕಾರ್ಯವಿರಬೇಕು, ಮನೆಯ ಹೆಣ್ಣುಮಗಳ ಕೈಗೆ ಕುಂಕುಮ ಇಟ್ಟು ಕೊಡಬೇಕು. ವಸಂತನ ಮನೆಯಲ್ಲಿ ಮದುವೆಯಿಲ್ಲ, ಮುಂಜಿಯಿಲ್ಲ. ಸಂಜೆ ಹತ್ತಿರ ಬರುತ್ತಿತ್ತು. “ಇವತ್ತೇ ಐತೆ ಕಣವ್ವ ಕಾರ್ಯ, ನಮ್ ಮನೇಲಿ ಅಂಗ್ಡಿ ಪೂಜೆ,” ಎಂದುಬಿಟ್ಟ. ಮುದುಕಿ ಹೊಸ ಸೀರೆ ಉಟ್ಟು ಚೀಲ ಹಿಡಿದು ಆಟೋ ಹತ್ತಿದಳು. ಕರೆಯದಿದ್ದರೂ ಹುಚ್ಚಯ್ಯ ಹಿಂದೆ ಹತ್ತಿದ.

ದಾರಿಯುದ್ದಕ್ಕೂ ವಸಂತ, ಮನೆಗೆ ಹೋದ ಕೂಡಲೇ ಪ್ರಮೀಳಾಗೆ ಕಣ್ಸನ್ನೆ ಮಾಡಿ ಒಂದು ಊದುಬತ್ತಿ ಹಚ್ಚಿಸಿದರೆ ಪೂಜೆ ಮುಗಿಯಿತು ಎಂದುಕೊಂಡು ಬಂದ. ಮನೆ ಮುಂದೆ ಇಳಿದ ಚಿಕ್ಕಬೀರಮ್ಮ ಅವನಿಗಿಂತ ಮೊದಲೇ ಪ್ರಮೀಳಾಳ ಕೈಹಿಡಿದು, ತಾನು ಯಾರ ಮನೆಯವಳು, ಏತಕ್ಕೆ ಬಂದೆ ಎಲ್ಲ ಹೇಳಿ ಮುಗಿಸಿದಳು. ಅಂಗಡಿ ಪೂಜೆಯಂತಲ್ಲ ಮಗಳೇ, ಏನಂಗಡಿ ಎಂದು ಕೇಳಿದಳು. ವಸಂತ ಹಿಂದಿನಿಂದ ಎರಡು ಕಣ್ಣನ್ನೂ ಹೊಡೆದ.

ಪ್ರಮೀಳಾ ಗಂಡನನ್ನು ಒಂದು ಸಲ ನೋಡಿದಳು. ಆಮೇಲೆ ಸೆರಗು ಹೊದ್ದು ಮುದುಕಿಯ ಕಾಲಿಗೆ ನಮಸ್ಕಾರ ಮಾಡಿ, “ಟೈಲರಿಂಗ್ ಅಂಗ್ಡಿ ಕಣಮ್ಮ, ನಂದು. ಇವತ್ತಿಂದ ಶುರು,” ಎಂದಳು.

ಇಂಥ ಕಾರ್ಯಕ್ಕೆ ಬರೀ ದುಡ್ಡು ಕೊಡುವುದೇ ಎಂದು ಚಿಕ್ಕಬೀರಮ್ಮ ಅವಳನ್ನು ಕರೆದುಕೊಂಡೇ ಪೇಟೆಗೆ ಹೋದಳು. ಸರಿಸಮ ತೀರಿಸಿದರೆ ಸಂಬಂಧ ಮುಗಿಸಿದಂತೆ, ಒಂದು ಕೈ ಮೇಲೆ ಹಾಕಿ ತೀರಿಸುವುದೇ ಮರ್ಯಾದೆ ಎಂದು ಸ್ವಂತ ಎರಡು ಸಾವಿರ ಸೇರಿಸಿ, ಇಪ್ಪತ್ತೆರಡು ಸಾವಿರದ ಮೋಟಾರ್ ಮೆಷಿನ್ ಕೊಡಿಸಿದಳು. ಅವರು ಬರುವುದರೊಳಗೆ ಬೀದಿಯವರೆಲ್ಲ ಸೇರಿ, ಹುಚ್ಚಯ್ಯನ ಮೇಲ್ವಿಚಾರಣೆಯಲ್ಲಿ, ರೇಡಿಯೋ ಗಡಿಯಾರಗಳನ್ನು ಹಿತ್ತಲಿಗೆ ಸಾಗಿಸಿದ್ದರು. ಮೆಷಿನ್ನಿಗೆ ಹೂವು ಏರಿಸಿ, ಕಾಯಿ ಒಡೆದು, ನಿಜವಾಗಿಯೇ ಪೂಜೆ ನಡೆಯಿತು. ಒಡೆದ ಕಾಯಿಯ ಚೂರನ್ನು ಎಲ್ಲರಿಗೂ ಹಂಚಿದವನು ವಸಂತ.

ಹೊರಡುವಾಗ ಚಿಕ್ಕಬೀರಮ್ಮ ಚೀಲದಿಂದ ಅರಿಶಿನ ಹಚ್ಚಿದ ಒಂದು ಲಗ್ನಪತ್ರಿಕೆ ತೆಗೆದು ಗಂಡಹೆಂಡತಿ ಇಬ್ಬರ ಕೈಗೂ ಸೇರಿಸಿ ಕೊಟ್ಟಳು. ಮೊಮ್ಮಗಳು ಕಾವ್ಯಶ್ರೀ ಮದುವೆ, ಮುಂದಿನ ತಿಂಗಳು ಹತ್ತನೇ ತಾರೀಕು. “ತಪ್ಪಿಸ್‌ಬ್ಯಾಡಿ ಕಣ್ ಮಗ. ಜವರಯ್ಯನ್ ಮನೆಯೋರು ಏನ್ ಮುಯ್ಯಿ ತತ್ತಾರೆ ಅಂತ ನಮ್ಮೂರೆಲ್ಲ ಕಾಯ್ತಿರ್ತದೆ,” ಎಂದಳು.

ಮುದುಕಿಯನ್ನು ಬಸ್ಸು ಹತ್ತಿಸಿ ಬಂದ ವಸಂತ ಬಾಗಿಲಲ್ಲಿ ನಿಂತ. ಪ್ರಮೀಳಾ ಹೊಸ ಮೆಷಿನ್ನಿಗೆ ದಾರ ಪೋಣಿಸುತ್ತ, ತಲೆ ಎತ್ತದೆ ಕೇಳಿದಳು: “ಇಪ್ಪತ್ತೆರಡರ ಮೇಲೆ ಒಂದು ಕೈ ಅಂದ್ರೆ ಎಷ್ಟಾಗುತ್ತೆ ರೀ?”

ವಸಂತ ಹಿತ್ತಲಿಗೆ ಹೋಗಿ ಗುಜರಿಯವನಿಗೆ ತಾನೇ ಫೋನು ಹಚ್ಚಿ, ಹಳೇ ರೇಡಿಯೋ ಕೆ.ಜಿ. ಹೆಂಗೆ ತಗೊಳ್ತೀಯಪ್ಪ ಎಂದು ಕೇಳಿದ.