ಕ್ರಿಕೆಟ್ ಹುಲಿಗಳ ಬೇಸ್‌ಬಾಲ್ ಸೀಸನ್

ನಾನು ಎಲ್ಲಿ ಕಾಲಿಟ್ಟರೂ ಅಲ್ಲೊಂದು ರಾಮಾಯಣ ನಡೆದೇ ನಡೆಯುತ್ತದೆ. ತಪ್ಪು ನನ್ನದಲ್ಲ, ಆ ಜಾಗಗಳದ್ದು. ನೈರೋಬಿಯ ಬೇಸ್‌ಬಾಲ್ ಮೈದಾನವಂತೂ ನನಗೆಂದೇ ಹುಲ್ಲು ಬೆಳೆಸಿಕೊಂಡು ಕಾಯುತ್ತಿತ್ತು.

ನಾನು ಮಳವಳ್ಳಿ ಕಡೆಯ ಹಳ್ಳಿಯವನು. ಈಗ ನೈರೋಬಿಯ ಅಪ್ಪರ್ ಹಿಲ್‌ನ ಒಂದು ಟೆಲಿಕಾಂ ಕಂಪನಿಯಲ್ಲಿ ಕೆಲಸ. ಊರಲ್ಲಿ ಟೆನಿಸ್ ಬಾಲ್ ಟೂರ್ನಮೆಂಟ್ ಎಂದರೆ ಅಕ್ಕಪಕ್ಕದ ಹಳ್ಳಿಯವರು ನನಗಾಗಿ ಬೈಕ್ ಕಳಿಸುತ್ತಿದ್ದರು. ನಾನು ಹೇಳುವುದಲ್ಲ, ಯಾರನ್ನು ಬೇಕಾದರೂ ಕೇಳಿ. ಇಂಥವನು ಭಾನುವಾರ ಲ್ಯಾವಿಂಗ್ಟನ್‌ನ ರೂಮಿನಲ್ಲಿ ಬಟ್ಟೆ ಒಗೆಯುತ್ತಾ ಕೂರುತ್ತಾನೆಯೇ?

ಇಲ್ಲಿ ಬಹಳ ವರ್ಷದಿಂದ ನೆಲೆಸಿರುವ ಮಂಗಳೂರಿನ ಹಲ್ಲಿನ ಡಾಕ್ಟರೊಬ್ಬರು ಕನ್ನಡದವರನ್ನೆಲ್ಲ ಸೇರಿಸಿ ಬೇಸ್‌ಬಾಲ್ ಟೀಮು ಕಟ್ಟಿದ್ದರು. ಬೇಸ್‌ಬಾಲೇ ಯಾಕೆ? ಅವರನ್ನು ಯಾವ ಕ್ರಿಕೆಟ್ ಟೀಮೂ ಸೇರಿಸಿಕೊಂಡಿರಲಿಲ್ಲ, ಅದಕ್ಕೆ. ಭಾನುವಾರದ ಆ ಲೀಗಿನಲ್ಲಿ ನಮ್ಮದು ಮೊದಲ ಸೀಸನ್. ನಿಯಮ ಕಟ್ಟುನಿಟ್ಟು: ಸೀಸನ್ ಮುಗಿಯುವುದರೊಳಗೆ ಒಂದಾದರೂ ಮ್ಯಾಚ್ ಗೆಲ್ಲದ ಟೀಮಿಗೆ ಮುಂದಿನ ವರ್ಷ ಜಾಗವಿಲ್ಲ.

"ಒಂದೇ ಒಂದು ಗೆದ್ದರೆ ಸಾಕು ಮಾರಾಯ," ಅಂದರು ಡಾಕ್ಟರು.

"ಒಂದ್ಯಾಕೆ ಡಾಕ್ಟ್ರೇ, ಕಪ್ಪೇ ಎತ್ತೋಣ," ಅಂದೆ. ಅಲ್ಲಿಯವರೆಗೆ ನಾನು ಬೇಸ್‌ಬಾಲನ್ನು ಕಣ್ಣಲ್ಲೂ ಕಂಡಿರಲಿಲ್ಲ ಎನ್ನುವುದು ಬೇರೆ ಮಾತು.

ಬ್ಯಾಟು ಮೊದಲು ತಲುಪಿತು

ಮೊದಲ ಮ್ಯಾಚು. ಮೊದಲ ಬಾಲನ್ನೇ ಬಾರಿಸಿದೆ. ಅದು ನೆಲ ಉಜ್ಜಿಕೊಂಡು ನೇರವಾಗಿ ಫೀಲ್ಡರ್ ಕೈಗೆ ಹೋಯಿತು. ಹುಟ್ಟಿದಾಗಿನಿಂದ ಕ್ರಿಕೆಟ್ ಆಡಿದವನು ಅಲ್ಲಿ ಏನು ಮಾಡುತ್ತಾನೆ? ನಿಂತಲ್ಲೇ ನಿಂತೆ.

ನಮ್ಮ ಕೋಚ್ ಇಲ್ಲಿನ ಶಾಲೆಯೊಂದರ ಪಿ.ಟಿ. ಮೇಷ್ಟ್ರು. ಆಟದ ಬಿಸಿ ಏರಿತೆಂದರೆ ಇಂಗ್ಲಿಷ್ ಬಿಟ್ಟು ಸ್ವಾಹಿಲಿಗೆ ಇಳಿಯುತ್ತಾರೆ. "ಕಿಂಬಿಯಾ! ಕಿಂಬಿಯಾ!" ಎಂದು ಕಿರುಚಿದರು. ಓಡು ಓಡು ಅಂತ.

"ಬಾಲು ಅವನ ಕೈಲಿದೆ ಸಾರ್! ಓಡಿದ್ರೆ ರನೌಟು!"

ಓಡದೆಯೇ ಔಟಾದೆ. ಹೊಡೆದ ಮೇಲೆ ಓಡಲೇಬೇಕಂತೆ, ಯಾವ ಸೀಮೆ ಆಟವೋ.

ಎರಡನೇ ಸಲ ಹೊಡೆದವನೇ ಬ್ಯಾಟು ಹಿಡಿದುಕೊಂಡೇ ಓಟ ಕಿತ್ತೆ. ಬಾಲು ಬರುತ್ತಿದ್ದದ್ದು ಕಣ್ಣಂಚಿನಲ್ಲಿ ಕಂಡಿತು. ಉದ್ದಕ್ಕೂ ಹಾರಿ, ಕೈ ಚಾಚಿ, ಬ್ಯಾಟಿನ ತುದಿಯನ್ನು ಓಡಿ ತಲುಪಬೇಕಾದ ಮೊದಲ ಬೇಸಿನ ಮೇಲೆ ಒತ್ತಿದೆ. ನಮ್ಮೂರಲ್ಲಾಗಿದ್ದರೆ ತಮಟೆ ಬಾರಿಸುತ್ತಿದ್ದರು. ಅಂಪೈರ್ ಔಟ್ ಕೊಟ್ಟ.

"ಕಣ್ಣು ಕಾಣಲ್ವಾ ಸಾರ್? ಬ್ಯಾಟು ಒಳಗಿದೆ!"

ಅವನು ಬಗ್ಗಿ ನಿಧಾನವಾಗಿ ಪರೀಕ್ಷಿಸಿ ಹೇಳಿದ: "ಹೌದು. ಬ್ಯಾಟು ಸೇಫ್. ನೀನು ಔಟ್."

ಬರಿಗೈ ಕ್ಯಾಚು

ಫೀಲ್ಡಿಂಗ್‌ಗೆ ಒಂದು ದೊಡ್ಡ ಚರ್ಮದ ಗ್ಲೌಸ್ ಕೊಟ್ಟರು. "ಇದು ಮಕ್ಕಳಿಗೆ," ಎಂದು ಡಾಕ್ಟರ ಕಡೆ ಎಸೆದೆ. ಊರಲ್ಲಿ ನಾವು ಕಾರ್ಕ್ ಬಾಲನ್ನೇ ಬರಿಗೈಲಿ ಹಿಡಿದವರು.

ಹತ್ತು ನಿಮಿಷವೂ ಆಗಿಲ್ಲ, ಆಕಾಶಕ್ಕೆದ್ದ ಒಂದು ಬಾಲು ನನ್ನ ಕಡೆಗೇ ಬಂತು. ಹಿಂದಕ್ಕೆ ಓಡಿ, ಒಂದೇ ಕೈಲಿ ಹಿಡಿದೆ! ಎದುರಾಳಿಗಳೂ ಚಪ್ಪಾಳೆ ತಟ್ಟಿದರು. ನಾನು ಬಾಲನ್ನು ಮೇಲೆ ತೂರಿ ಹಿಡಿದು, ನಾಲ್ಕೂ ದಿಕ್ಕಿಗೆ ನಮಸ್ಕಾರ ಮಾಡತೊಡಗಿದೆ. ನಮ್ಮವರು "ಎಸೆಯೋ, ಎಸೆಯೋ!" ಎಂದು ಬಾಯಿ ಬಡಿದುಕೊಳ್ಳುತ್ತಿದ್ದರು. ಕ್ಯಾಚ್ ಆದ ಮೇಲೆ ಎಸೆಯುವುದೇನು ಬಂತು?

ಬೇಸ್‌ಬಾಲಿನಲ್ಲಿ ಕ್ಯಾಚ್ ಹಿಡಿದ ಮೇಲೂ ಮಿಕ್ಕವರು ಓಡಬಹುದಂತೆ. ನನ್ನ ಮೂರನೇ ನಮಸ್ಕಾರ ಮುಗಿಯುವಷ್ಟರಲ್ಲಿ ಅವರ ಇಬ್ಬರು ಬೇಸುಗಳನ್ನೆಲ್ಲ ಸುತ್ತಿ ಬ್ಯಾಟು ಬೀಸುವ ಜಾಗಕ್ಕೆ, ಈ ಆಟದವರ ಬಾಯಲ್ಲಿ 'ಮನೆ'ಗೆ, ಸೇರಿದ್ದರು. ಅದೇ ಎರಡು ರನ್ನಿಂದ ಸೋತೆವು.

ಬೆರಳುಗಳು ಬದನೆಕಾಯಿಯಂತೆ ಊದಿದ್ದವು. "ಸ್ವಲ್ಪ ನೋಡಿ ಡಾಕ್ಟ್ರೇ," ಅಂದೆ.

"ನಾನು ಹಲ್ಲಿನ ಡಾಕ್ಟರು ಮಾರಾಯ. ಸದ್ಯಕ್ಕೆ ನಿನ್ನ ಹಲ್ಲು ಉದುರಿಸೋದು ಮಾತ್ರ ನನ್ನಿಂದಾಗೋದು."

ಬಾಸಿನ ಬ್ಯಾಟಿಂಗು

ನಮ್ಮ ಆಫೀಸಿನ ಬಾಸೂ ಟೀಮಿನಲ್ಲಿದ್ದರು. ಆಫೀಸಿನಲ್ಲಿ ಏನೇ ಕೇಳಿದರೂ ಅವರ ಉತ್ತರ "ನೋಡೋಣ". ಬ್ಯಾಟಿಂಗಿನಲ್ಲೂ ಹಾಗೇ, ಬಾಲು ಬಂದರೆ ನೋಡುತ್ತಾರೆ. ಬ್ಯಾಟು ಭುಜದಿಂದ ಇಳಿಯುವುದೇ ಇಲ್ಲ.

ಆದರೆ ಈ ಆಟದಲ್ಲಿ ನಾಲ್ಕು ಬಾಲು ಅಡ್ಡಾದಿಡ್ಡಿ ಬಂದರೆ, ಹೊಡೆಯದೆ ನಿಂತವನಿಗೆ ಮೊದಲ ಬೇಸು ಬಿಟ್ಟಿ. ಇವರು ಕಲ್ಲಿನ ಹಾಗೆ ನಿಂತದ್ದು ನೋಡಿ ಬಾಲ್ ಎಸೆಯುವವನು ಗುರಿ ತಪ್ಪಿ ನಾಲ್ಕನ್ನೂ ಅಡ್ಡಾದಿಡ್ಡಿ ಎಸೆದ. ಬಾಸು ಮೊದಲ ಬೇಸಿಗೆ ನಡೆದರು. ಹಿಂದೆ ಬಂದವರಿಗೂ ಬಿಟ್ಟಿ ಸಿಕ್ಕಿದಂತೆಲ್ಲ ಇವರು ಒಂದೊಂದೇ ಬೇಸು ಮುಂದೆ ತಳ್ಳಲ್ಪಟ್ಟು, ಒಂದು ಹನಿ ಬೆವರೂ ಇಲ್ಲದೆ ಮನೆ ತಲುಪಿದರು. ಆ ದಿನ ನಮ್ಮ ಟೀಮಿಗೆ ಬಂದದ್ದು ಅದೊಂದೇ ರನ್.

"ಏನೂ ಮಾಡ್ದೇನೇ ಹೆಂಗೆ ಸಾರ್ ಇಲ್ಲೀಗಂಟ ಬಂದ್ರಿ?"

"ಮ್ಯಾನೇಜರ್ ಆಗಿದ್ದೂ ಹೀಗೇನೇ ಕಣಪ್ಪಾ," ಅಂದರು.

ಕೊನೆಯ ಮ್ಯಾಚು

ಹೀಗೆ ಸೋತು ಸೋತು ಕೊನೆಯ ಭಾನುವಾರ ಬಂತು. ಎದುರಿಗೆ ಕಾಲೇಜು ಹುಡುಗರ ಟೀಮು. ಹೇಗೋ ಏನೋ, ಕೊನೆಯ ಸರದಿಯಲ್ಲಿ ಎರಡೂ ಕಡೆ ರನ್ ಸಮ. ನಮ್ಮವರು ಮೂರು ಬೇಸಿನಲ್ಲೂ ನಿಂತಿದ್ದರು, ಬಾಸು ಮನೆಗೆ ಹತ್ತಿರದ ಮೂರನೆಯದರಲ್ಲಿ. ಇನ್ನೊಂದು ಔಟಾದರೆ ಸರದಿ ಮುಗಿಯಿತು. ಬ್ಯಾಟು ನನ್ನ ಕೈಲಿ.

ಡಾಕ್ಟರು ಹತ್ತಿರ ಬಂದು ಭುಜ ಹಿಡಿದರು. "ಒಂದು ರನ್ ಮಾರಾಯ. ಸಮ ಉಳಿದ್ರೆ ಇನ್ನೊಂದು ಸರದಿ ಆಡಬೇಕು, ಅಷ್ಟು ಶಕ್ತಿ ನಮ್ಮವರಿಗಿಲ್ಲ. ಇದು ಹೋದರೆ ಟೀಮೂ ಹೋಯ್ತು."

"ರೋಡಲ್ಲಿ ಮಟಾಟು ವ್ಯಾನು ಹೋಗ್ತಿದೆಯಲ್ಲ, ಅದರ ಟಾಪ್ ಮೇಲೆ ಹಾಕ್ತೀನಿ, ನೋಡ್ತಿರಿ."

ಹುಡುಗ ಬಾಲು ಎಸೆದ. ಕೈ ಜಾರಿತೋ ಏನೋ, ನೇರ ನನ್ನ ಮೈಮೇಲೆ! ಬೌನ್ಸರ್‌ಗೆ ತಿರುಗುವ ಹಾಗೆ ತಿರುಗಿದೆ. ಪ್ಯಾಂಟಿನ ಹಿಂದಿನ ಜೇಬಿರುವ ಕಡೆ ಬಂದು ಬಡಿಯಿತು. ಅಪ್ಪ ಬೀಸಿದ ಹುಣಿಸೆ ಬರಲಿನ ಏಟೂ ಅಷ್ಟು ಉರಿದಿರಲಿಲ್ಲ.

"ಪೋಲೆ, ಪೋಲೆ ಸಾನಾ!" ಎಂದು ಹುಡುಗ ಕ್ಷಮೆ ಕೇಳಿದ. ಅಂಪೈರ್ ಮೊದಲ ಬೇಸಿನ ಕಡೆ ಕೈ ತೋರಿಸಿ, ಹೋಗು ಅಂದ.

ನನಗೆ ರೇಗಿತು. ಏಟು ಬಿದ್ದವನನ್ನು ಆಚೆ ಕಳಿಸುವುದೇ? "ಏನೂ ಆಗಿಲ್ಲ! ಹಾಕೋ ಇನ್ನೊಂದು! ರಿಟೈರ್ಡ್ ಹರ್ಟ್ ಆಗೋ ಮಗ ಅಲ್ಲ ನಾನು!"

"ಹೋಗೋ!" ಎಂದು ಟೀಮೆಲ್ಲ ಕೂಗಿತು.

"ಹೋಗಲ್ಲ! ಹೊಡೆದೇ ಗೆಲ್ಲಿಸ್ತೀನಿ!"

ಬೌಂಡರಿಯಾಚೆಯಿಂದ ಡಾಕ್ಟರ ಮಗಳು, ಸ್ಕೂಲು ಹುಡುಗಿ, ಕಿರುಚಿದಳು: "ಅಂಕಲ್, ಜಸ್ಟ್ ವಾಕ್! ಬಾಲು ಬಡಿದ್ರೆ ಫ್ರೀ ಬೇಸ್! ಯೂ ವಾಕ್, ವೀ ವಿನ್! ನೀವು ಹೋಗದಿದ್ರೆ ರನ್ ಕ್ಯಾನ್ಸಲ್!"

ಅಂಕಲ್ ಅಂದದ್ದು ಬಾಲಿಗಿಂತ ಜೋರಾಗಿ ತಾಗಿತು. ಅಂಪೈರ್ ಗಡಿಯಾರ ನೋಡುತ್ತಿದ್ದ. ಆ ಕಡೆ ಡಾಕ್ಟರು, ಅಷ್ಟು ವಯಸ್ಸಾದವರು, ನನಗೆ ಕೈ ಮುಗಿದು ನಿಂತಿದ್ದರು.

ನಡೆದೆ. ಎದೆ ಉಬ್ಬಿಸಿಕೊಂಡು, ಒಂದು ಕಾಲು ಎಳೆದುಕೊಂಡು ಮೊದಲ ಬೇಸು ಮುಟ್ಟಿದೆ. ಬಾಸು ಮೂರನೆಯದರಿಂದ ವಾಕಿಂಗ್ ಬಂದವರಂತೆ ಮನೆ ಸೇರಿದರು. ಗೆದ್ದೆವು! ಟೀಮು ಉಳಿಯಿತು. ಡಾಕ್ಟರು ಅತ್ತೇ ಬಿಟ್ಟರು. ಗೆಲುವಿನ ರನ್ ತಂದುಕೊಟ್ಟವನೆಂದು ಲೀಗಿನ ಲೆಕ್ಕದಲ್ಲಿ ನನ್ನ ಹೆಸರೇ ಇದೆ. ಊರಿಗೆ ಅಷ್ಟನ್ನು ಮಾತ್ರ ತಿಳಿಸಿದ್ದೇನೆ.

ಮಧ್ಯಾಹ್ನ ಡಾಕ್ಟರ ಮನೆಯಲ್ಲಿ ನೀರ್ ದೋಸೆ, ಕೋಳಿ ಸಾರು. ಮೇಜಿನ ತಲೆಯಲ್ಲಿದ್ದ ತಮ್ಮದೇ ಕುರ್ಚಿಯನ್ನು ಡಾಕ್ಟರು ನನಗೆ ಎಳೆದುಕೊಟ್ಟರು. "ಕೂತ್ಕೋ ಮಾರಾಯ, ಇವತ್ತು ನೀನೇ ಹೀರೋ."

ನಾನು ತಟ್ಟೆ ಹಿಡಿದು ಫ್ರಿಜ್ಜಿಗೆ ಒರಗಿಕೊಂಡೆ.

"ಹೀರೋಗಳು ಕೂರಲ್ಲ ಡಾಕ್ಟ್ರೇ."